ಜಾಲರಿ ತೆಗೆದಿಟ್ಟರೆ ಒಳ್ಳೆಯ ಟ್ರೇ: ಮೊಲಗಳ ಶುಚಿತ್ವದ ಕಿಟ್ ಒಂದರ ವಿಮರ್ಶೆ

ಮೊಲ ಸಾಕುವವರಿಗೆಂದು ಮಾರುವ ಈ ಶುಚಿತ್ವದ ಕಿಟ್‌ನಲ್ಲಿ ಐದು ವಸ್ತುಗಳಿವೆ: ಪ್ಲಾಸ್ಟಿಕ್ಕಿನ ಶೌಚದ ಟ್ರೇ, ಅದರ ಮೇಲೆ ಕೂರುವ ಜಾಲರಿ, ಕಾಗದದ ಪೆಲೆಟ್‌ಗಳ ಚೀಲ, ಟ್ರೇಯ ಅಂಚಿಗೆ ಸಿಕ್ಕಿಸುವ ಹುಲ್ಲಿನ ರ‍್ಯಾಕ್ ಮತ್ತು ವಾಸನೆ ಹೋಗಲಾಡಿಸುವ ಸ್ಪ್ರೇ. ಮನೆಯೊಳಗೇ ಓಡಾಡಿಕೊಂಡಿರುವ ಎರಡು ಮೊಲಗಳಿಗೆ ಇದನ್ನು ಬಳಸಿ ನೋಡಿದ ಮೇಲೆ ಹೇಳುವುದಾದರೆ, ಇದನ್ನು ರೂಪಿಸಿದವರು ಮೊಲದ ಹಿಕ್ಕೆಯ ಬಗ್ಗೆ ಯೋಚಿಸಿದಷ್ಟು ಅದರ ಮೂತ್ರದ ಬಗ್ಗೆ ಯೋಚಿಸಿಲ್ಲ.

ಹಿಕ್ಕೆ ನಿಜಕ್ಕೂ ದೊಡ್ಡ ತೊಂದರೆಯಲ್ಲ. ಬೆಳೆದ ಮೊಲವೊಂದು ದಿನಕ್ಕೆ 200ರಿಂದ 300 ಹಿಕ್ಕೆ ಹಾಕಿದರೂ ಅವು ಬಹುಪಾಲು ಜೀರ್ಣವಾಗದ ನಾರಷ್ಟೇ ಆಗಿರುವುದರಿಂದ ಒಣಗಿ ಗಟ್ಟಿಯಾಗಿರುತ್ತವೆ, ಹೆಚ್ಚು ನಾರುವುದಿಲ್ಲ, ಪೊರಕೆಯಿಂದ ಗುಡಿಸಿದರೆ ಹೋಗುತ್ತವೆ. ಮೂತ್ರದ ಕಥೆಯೇ ಬೇರೆ. ಮೊಲದ ಕರುಳು ಆಹಾರದಲ್ಲಿರುವ ಕ್ಯಾಲ್ಸಿಯಂ ಅನ್ನು ದೇಹಕ್ಕೆ ಬೇಕಾದಷ್ಟಕ್ಕೆ ಮಿತಗೊಳಿಸದೆ ಹೆಚ್ಚಿನ ಪಾಲನ್ನು ಹೀರಿಕೊಳ್ಳುತ್ತದೆ. ಮಿಕ್ಕಿದ್ದನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಹಾಗಾಗಿ ಮೊಲದ ಮೂತ್ರ ಕ್ಷಾರೀಯವೂ ಕದಡಿದ್ದೂ ಆಗಿರುತ್ತದೆ, ಒಣಗಿದ ಜಾಗದಲ್ಲಿ ಸುಣ್ಣದಂಥ ಬಿಳಿಯ ಪದರ ಕಟ್ಟುತ್ತದೆ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಸಹಜ ಸ್ಥಿತಿಯಲ್ಲಿ ಮೂಗಿನಿಂದಲೇ ಉಸಿರಾಡುವ, ಅದೂ ನೆಲಕ್ಕೆ ಹತ್ತಿರವಾಗಿ ಉಸಿರಾಡುವ ಈ ಪ್ರಾಣಿಗೆ ಅಮೋನಿಯಾ ಶ್ವಾಸನಾಳದ ಒಳಪದರವನ್ನು ಕೆರಳಿಸಿ, ಪಾಶ್ಚುರೆಲ್ಲಾದಂಥ ಬ್ಯಾಕ್ಟೀರಿಯಾಗಳ ಸೋಂಕಿಗೆ ದಾರಿ ಮಾಡಿಕೊಡುತ್ತದೆ. ಮೂತ್ರವನ್ನು ಎಷ್ಟು ಬೇಗ ಹೀರುತ್ತದೆ, ತೊಳೆಯಲು ಎಷ್ಟು ಸುಲಭ ಎಂಬ ಎರಡೇ ಪ್ರಶ್ನೆಗಳಿಂದ ಇಂಥ ಕಿಟ್ಟನ್ನು ಅಳೆಯಬೇಕೆಂದು ನಾನು ವಾದಿಸುವುದು ಇದಕ್ಕೇ.

ಆ ಅಳತೆಯಲ್ಲಿ ಕಾಗದದ ಪೆಲೆಟ್‌ಗಳು ಚೆನ್ನಾಗಿ ಗೆಲ್ಲುತ್ತವೆ. ಅವು ಮೂತ್ರವನ್ನು ಹೀರಿ ಉಬ್ಬುತ್ತವೆ, ಧೂಳೆಬ್ಬಿಸುವುದಿಲ್ಲ, ಮೊಲ ಕುತೂಹಲಕ್ಕೆ ಒಂದೆರಡನ್ನು ಕಡಿದರೂ ಗಾಬರಿಪಡಬೇಕಾಗಿಲ್ಲ. ಬೆಕ್ಕುಗಳಿಗೆ ಬಳಸುವ, ಒದ್ದೆಯಾದರೆ ಗಟ್ಟಿಯಾಗುವ ಜೇಡಿಮಣ್ಣಿನ ಲಿಟರ್ (ಶೌಚದ ಟ್ರೇಗೆ ತುಂಬುವ ಹಾಸು) ಹೀಗಲ್ಲ. ಅದನ್ನು ತಿಂದರೆ ಕರುಳಿನಲ್ಲಿ ಗಂಟಾಗುವ ಅಪಾಯವಿದೆ, ಮೊಲವಂತೂ ವಾಂತಿ ಮಾಡಲಾರದ ಪ್ರಾಣಿ. ಪೈನ್ ಮತ್ತು ಸೀಡರ್ ಮರದ ಸಂಸ್ಕರಿಸದ ಹೊಟ್ಟು ಮೂಗಿಗೆ ಹಿತವೆನಿಸಿದರೂ ಅದರ ಸುವಾಸಿತ ರಾಸಾಯನಿಕಗಳು ಯಕೃತ್ತಿನ ಕಿಣ್ವಗಳಲ್ಲಿ ಏರುಪೇರು ಮಾಡುತ್ತವೆ. ಬಿಸಿಯಲ್ಲಿ ಒಣಗಿಸಿದ ಮರದ ಪೆಲೆಟ್‌ಗಳು ಕಾಗದಕ್ಕೆ ಸರಿಯಾದ ಪರ್ಯಾಯವೇ ಹೌದು, ಆದರೆ ತಿಳಿಬಣ್ಣದ ಕಾಗದಕ್ಕೆ ಇನ್ನೊಂದು ಗುಣವಿದೆ: ಮೂತ್ರದ ಬಣ್ಣ ಅದರ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ತಿಂದ ಸೊಪ್ಪಿನ ವರ್ಣದ್ರವ್ಯಗಳಿಂದ ಅದು ಹಳದಿಯಿಂದ ಕೆಂಗಂದಿನವರೆಗೆ ಬದಲಾಗುವುದು ಸಹಜ. ಆದರೆ ಮೊಲ ಮುಕ್ಕರಿಯುತ್ತ ಹನಿಹನಿಯಾಗಿ ಹೊಯ್ದರೆ ವೈದ್ಯರಿಗೆ ತೋರಿಸಬೇಕು. ಟ್ರೇಯ ಅರ್ಧದವರೆಗೆ ಪೆಲೆಟ್ ತುಂಬಿಸಿ ಎಂಬ, ಕಿಟ್‌ನೊಂದಿಗೆ ಬಂದ ಕರಪತ್ರದ ಸೂಚನೆ ಮೊಲಕ್ಕಿಂತ ಮಾರಾಟಕ್ಕೆ ಹೆಚ್ಚು ಅನುಕೂಲಕರ. ತಳ ಮುಚ್ಚುವಂತೆ ಒಂದು ಅಂಗುಲ ಹರಡಿ, ಅದರ ಮೇಲೆ ಒಣಹುಲ್ಲಿನ ಹಾಸು ಹಾಕಿದರೆ ಧಾರಾಳವಾಯಿತು.

ಜಾಲರಿ ಈ ಕಿಟ್‌ನ ದೊಡ್ಡ ದೋಷ. ಕಾಲು ಒದ್ದೆಯಾಗದಿರಲಿ, ಮೊಲ ಲಿಟರ್ ಅನ್ನು ಕೆದಕದಿರಲಿ ಎಂಬ ಉದ್ದೇಶ ಅರ್ಥವಾಗುತ್ತದೆ. ಆದರೆ ಮೊಲದ ಪಾದದಡಿಯಲ್ಲಿ ನಾಯಿ, ಬೆಕ್ಕುಗಳಿಗಿರುವಂತೆ ಮೆತ್ತೆಗಳಿಲ್ಲ, ಇರುವುದು ದಟ್ಟ ರೋಮ ಮಾತ್ರ. ಗಟ್ಟಿ ಪಟ್ಟಿಗಳ ಮೇಲೆ ದಿನವೂ ಹೊತ್ತುಗಟ್ಟಲೆ ಕೂತರೆ ಆ ರೋಮ ಸವೆದು ಹಿಂಗಾಲಿನ ಹಿಮ್ಮಡಿ ಕೆಂಪಾಗುತ್ತದೆ, ಮುಂದೆ ಹುಣ್ಣಾಗುತ್ತದೆ. ಭಾರವಾದ ಮೊಲಗಳಿಗೆ ಈ ಅಪಾಯ ಇನ್ನೂ ಹೆಚ್ಚು. ಇದು ಸಾಲದೆಂಬಂತೆ ಜಾಲರಿಯ ಪ್ರತಿಯೊಂದು ಸಂದಿಯಲ್ಲೂ ಆ ಬಿಳಿಯ ಪದರ ಕಟ್ಟಿಕೊಳ್ಳುತ್ತದೆ, ಅದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಉಜ್ಜಿ ತೆಗೆಯಬೇಕಾಗುತ್ತದೆ. ಅದನ್ನು ಕಿತ್ತು ಪಕ್ಕಕ್ಕಿಟ್ಟ ಮೇಲೆ ನನ್ನ ಮೊಲಗಳು ಟ್ರೇಯಲ್ಲಿ ಹೆಚ್ಚು ಹೊತ್ತು ಕೂರತೊಡಗಿದವು.

ಜಾಲರಿಯಿಲ್ಲದ ಟ್ರೇ ಮಾತ್ರ ಮೆಚ್ಚತಕ್ಕದ್ದು. ಮೂಲೆಗೆಂದು ಮಾಡಿದ ಪುಟ್ಟ ತ್ರಿಕೋನ ಟ್ರೇಗಳಲ್ಲಿ ಮೊಲ ಸರಿಯಾಗಿ ತಿರುಗಲಾರದು, ಇದರಲ್ಲಿ ಎರಡೂ ಒಟ್ಟಿಗೆ ಕೂರುತ್ತವೆ. ಬಾಲವೆತ್ತಿ ಮೂತ್ರ ಹೊಯ್ಯುವ ಮೊಲಗಳಿಗಾಗಿ ಹಿಂಬದಿ ಎತ್ತರವಾಗಿದೆ, ಕೀಲುನೋವಿರುವ ಮುದಿ ಮೊಲವೂ ಹತ್ತುವಂತೆ ಮುಂಬದಿ ತಗ್ಗಾಗಿದೆ. ಒಳಮೂಲೆಗಳನ್ನು ದುಂಡಗೆ ಮಾಡಿರುವುದರಿಂದ ಕೊಳೆ ಅವಿತು ಕೂರುವುದಿಲ್ಲ. ಬಿಳಿಯ ಪದರಕ್ಕೆ ಸಾಧಾರಣ ವಿನೆಗರ್ ಸಾಕು: ಸುರಿದು ಸ್ವಲ್ಪ ಹೊತ್ತು ಬಿಟ್ಟರೆ ಕ್ಯಾಲ್ಸಿಯಂ ಕಾರ್ಬೋನೇಟ್ ಆಮ್ಲದೊಡನೆ ನೊರೆಗರೆದು ಕರಗುತ್ತದೆ, ಬಳಿಕ ನೀರಿನಲ್ಲಿ ತೊಳೆದು ಒಣಗಿಸಿದರೆ ಮುಗಿಯಿತು. ಅದಕ್ಕೆ ಅಡುಗೆ ಸೋಡಾ ಬೆರೆಸಿದರೆ ಒಂದು ಇನ್ನೊಂದರ ಗುಣವನ್ನು ಕೊಲ್ಲುತ್ತದೆಯಷ್ಟೆ. ಬ್ಲೀಚ್ ಬೆರೆಸುವುದಂತೂ ಅಪಾಯಕಾರಿ, ವಿನೆಗರ್ ಜೊತೆ ಅದು ಕ್ಲೋರಿನ್ ಅನಿಲವನ್ನೂ ಮೂತ್ರದ ಅಮೋನಿಯಾ ಜೊತೆ ಕ್ಲೋರಮೀನ್‌ಗಳನ್ನೂ ಹೊಮ್ಮಿಸುತ್ತದೆ.

ರ‍್ಯಾಕಿನ ಕೊಕ್ಕೆಗಳು ಸಡಿಲ, ತಂತಿಯಿಂದ ಬಿಗಿಯಬೇಕಾಯಿತು. ಆದರೂ ಅದನ್ನು ಟ್ರೇಗೇ ಜೋಡಿಸಿದ್ದು ಜಾಣತನ, ಏಕೆಂದರೆ ಮೊಲ ಹುಲ್ಲು ಮೆಲ್ಲುತ್ತಲೇ ಹಿಕ್ಕೆ ಹಾಕುವ ಪ್ರಾಣಿ. ಮೇವು ಎಲ್ಲಿದೆಯೋ ಶೌಚವೂ ಅಲ್ಲೇ.

ಸ್ಪ್ರೇಯನ್ನು ತೆರೆಯದೆ ಇಟ್ಟರೂ ನಷ್ಟವಿಲ್ಲ. ಅದರ ಕಟು ಸುಗಂಧ ನಮ್ಮ ಮೂಗನ್ನು ವಂಚಿಸುತ್ತದೆಯೇ ಹೊರತು ಅಮೋನಿಯಾವನ್ನು ತೊಲಗಿಸುವುದಿಲ್ಲ, ಮೊಲದ ಮೂಗಿಗೆ ಇನ್ನೊಂದು ಕಿರುಕುಳವಾಗುತ್ತದೆ. ಟ್ರೇಯ ಅಭ್ಯಾಸ ಆಗುತ್ತಿರುವ ಮೊಲಕ್ಕೆ ತನ್ನ ವಾಸನೆ ಅಲ್ಲಿ ತುಸು ಉಳಿದಿರುವುದೇ ಅನುಕೂಲ, ಹಾಗಾಗಿ ಪೆಲೆಟ್ ಬದಲಿಸುವಾಗ ಹಳೆಯದರಲ್ಲಿ ಒಂದು ಹಿಡಿಯನ್ನು ಉಳಿಸಿಕೊಳ್ಳಬೇಕು. ಸಂತಾನಹರಣ ಮಾಡಿಸದ ಮೊಲ ತನ್ನ ಗಡಿ ಗುರುತಿಸಲು ಗೋಡೆ, ಚಾಪೆಗಳಿಗೆಲ್ಲ ಮೂತ್ರ ಚಿಮ್ಮಿಸುತ್ತದೆ. ಅದಕ್ಕೆ ಯಾವ ಸ್ಪ್ರೇಯೂ ಮದ್ದಲ್ಲ.

ಕೊನೆಗೆ ಕರಪತ್ರ. ಕೊಳೆಯಾದ ಮೊಲಕ್ಕೆ ಸ್ನಾನ ಮಾಡಿಸಿ ಎಂದು ಅದು ಸಲೀಸಾಗಿ ಹೇಳುತ್ತದೆ. ಒದ್ದೆ ರೋಮ ಬೇಗ ಒಣಗದೆ ಮೊಲದ ಮೈ ತಣ್ಣಗಾಗುತ್ತದೆ, ಭಯದಿಂದ ಒದೆದಾಡಿ ಬೆನ್ನುಮೂಳೆ ಮುರಿದುಕೊಳ್ಳುವುದೂ ಉಂಟು. ಅಂಟಿದ ಜಾಗವನ್ನಷ್ಟೇ ಒದ್ದೆ ಬಟ್ಟೆಯಿಂದ ಒರೆಸಿ ಚೆನ್ನಾಗಿ ಒಣಗಿಸಬೇಕು. ಗಟ್ಟಿ ಹಿಕ್ಕೆಯಲ್ಲದೆ ಮೊಲ ಮೆತ್ತನೆಯ ಇನ್ನೊಂದು ಬಗೆಯ ಹಿಕ್ಕೆಯನ್ನೂ ಹಾಕುತ್ತದೆ, ಆರೋಗ್ಯವಂತ ಮೊಲ ಅದನ್ನು ನೇರವಾಗಿ ತಿಂದುಬಿಡುತ್ತದೆ. ಅದು ಹಿಂಭಾಗಕ್ಕೆ ಮೆತ್ತಿಕೊಳ್ಳುತ್ತಿದೆ ಎಂದರೆ ಹುಲ್ಲು ಕಡಿಮೆಯಾಗಿರಬಹುದು, ಮೈ ಬಂದಿರಬಹುದು, ಹಲ್ಲು ಅಥವಾ ಕೀಲುಗಳ ನೋವಿರಬಹುದು. ಸೆಕೆಯ ದಿನಗಳಲ್ಲಿ ಅಂಥ ಜಾಗದಲ್ಲಿ ನೊಣಗಳು ಮೊಟ್ಟೆಯಿಡುತ್ತವೆ, ಒಂದು ದಿನದೊಳಗೇ ಹುಳುಗಳಾಗಿ ಚರ್ಮವನ್ನು ಕೊರೆಯತೊಡಗುತ್ತವೆ, ಆಗ ಮನೆಯಲ್ಲಿ ತೊಳೆಯುತ್ತ ಕೂರದೆ ಕೂಡಲೇ ಪಶುವೈದ್ಯರ ಬಳಿಗೆ ಒಯ್ಯಬೇಕು. ದಿನಕ್ಕೆರಡು ಸಲ ಬಾಲದ ಕೆಳಗೆ ನೋಡಿ ಎಂಬ ಒಂದು ವಾಕ್ಯವೂ ಕರಪತ್ರದಲ್ಲಿಲ್ಲ. ಮುಂದಿನ ಮುದ್ರಣದಲ್ಲಿ ಸ್ಪ್ರೇಯ ಸುಗಂಧವನ್ನು ಬಣ್ಣಿಸಲು ಬಳಸಿರುವ ಜಾಗವನ್ನು ಇದಕ್ಕೆ ಬಿಟ್ಟುಕೊಡಬಹುದು.