1,450 ರೂಪಾಯಿಯ ಟಾರ್ಚು: ಬಾರ್ಕೂರಿನಲ್ಲಿ ಪಾಸು, ಅರಿಜೋನಾದಲ್ಲಿ ಅರ್ಧ ಪಾಸು

ಮಂಗಳೂರಿನ ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಈ ಟಾರ್ಚು ತೆಗೆದುಕೊಂಡು ಎರಡು ಮಳೆಗಾಲ ಕಳೆಯಿತು. ಡಬ್ಬದ ಮೇಲೆ 10,000 ಲ್ಯೂಮೆನ್ (ಬೆಳಕಿನ ಅಳತೆ) ಅಂತ ದಪ್ಪಕ್ಷರದಲ್ಲಿ ಬರೆದದ್ದುಂಟು. ಒಳಗಿರುವುದು 18650 ಎಂಬ, ಚಾರ್ಜ್ ಮಾಡುವಂಥ ಒಂದೇ ಒಂದು ಲಿಥಿಯಂ ಸೆಲ್, ಅದರಲ್ಲಿ ಅಷ್ಟು ಬೆಳಕು ಬರುವ ಮಾತೇ ಇಲ್ಲ. ನನಗೆ ಅಷ್ಟು ಬೇಕಾಗಿಯೂ ಇರಲಿಲ್ಲ. ಕಲ್ಲಿನ ಮೇಲೆ ಸವೆದುಹೋದ ಅಕ್ಷರ ಓದಲಿಕ್ಕೆ ಒಂದು ಟಾರ್ಚು ಬೇಕು ಅಂದೆ. ಅಂಗಡಿಯ ಹುಡುಗ ನನ್ನ ಮುಖ ನೋಡಿ, "ಓದ್ಲಿಕ್ಕಾದ್ರೆ ಟೇಬಲ್ ಲ್ಯಾಂಪ್ ಉಂಟಲ್ಲ ಮೇಡಂ" ಅಂದ.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು ನಾನು. ಊರು ಬ್ರಹ್ಮಾವರದ ಹತ್ತಿರ, ಹಾಗಾಗಿ ಬಾರ್ಕೂರು ಮನೆಯಂಗಳ ಇದ್ದ ಹಾಗೆ. ವರ್ಷಕ್ಕೊಮ್ಮೆ ಮಕ್ಕಳನ್ನು ಕತ್ತಲೆ ಬಸದಿಗೆ ಕರೆದುಕೊಂಡು ಹೋಗಿ, ತುಳುನಾಡನ್ನು ಆಳಿದ ಆಳುಪರ ರಾಜಧಾನಿ ಇದು ಅಂತ ಹೇಳಿ, ಶಾಸನ ಕಂಡಲ್ಲೆಲ್ಲ ಚಾಕ್‌ಪೀಸು ಉಜ್ಜಿ ಅಕ್ಷರ ತೋರಿಸುತ್ತಿದ್ದೆ. ಅದು ಎಂಥ ತಪ್ಪು ಅಂತ ಗೊತ್ತಾದದ್ದು ರಿಟೈರ್ ಆದ ಮೇಲೆ. ಪುಡಿ ಗೆರೆಯೊಳಗೆ ಹೋಗಿ ಕೂರುತ್ತದೆ, ತೊಳೆಯಲಿಕ್ಕೆ ಬ್ರಶ್ ಹಾಕಿದರೆ ಅಂಚು ಸವೆಯುತ್ತದೆ. ಬೆಳಕಾದರೆ ಕಲ್ಲಿಗೆ ಎಂತದೂ ಆಗುವುದಿಲ್ಲ.

ಈ ಟಾರ್ಚಿನಲ್ಲಿ ಮೂರು ಬೆಳಕು. ಮುಂದೆ ಮಾಮೂಲಿ ಬಿಳಿ, ಮಗ್ಗುಲಲ್ಲಿ ಉದ್ದನೆಯ ಪಟ್ಟಿ, ಇನ್ನೊಂದು ನೇರಳೆ, ಅಂದರೆ ಯುವಿ. ಹಿಂಬದಿಯಲ್ಲಿ ಮ್ಯಾಗ್ನೆಟ್. ಶಾಸನಕ್ಕೆ ಮಗ್ಗುಲಿನ ಪಟ್ಟಿಯೇ ಸರಿ ಅಂತ ನಾನು ಲೆಕ್ಕ ಹಾಕಿದ್ದೆ. ತಪ್ಪು. ಉದ್ದದ ಬೆಳಕಿನಲ್ಲಿ ನೆರಳಿನ ಅಂಚು ಕಲಸಿಹೋಗುತ್ತದೆ. ಮುಂದಿನ ಬಿಳಿ ಬೆಳಕನ್ನೇ ಕಡಿಮೆ ಮಾಡಿ, ಝೂಮ್ ಪೂರ್ತಿ ಒಳಗೆ ತಳ್ಳಿ, ಕಲ್ಲಿನಿಂದ ಎರಡು ಮೊಳ ದೂರದಲ್ಲಿ ಅಡ್ಡಕ್ಕೆ ಹಿಡಿಯಬೇಕು. ಬೆಳಕು ಕಲ್ಲನ್ನು ಸವರಿಕೊಂಡು ಹೋಗುವ ಹಾಗೆ. ಎಡದಿಂದ ಹಿಡಿದರೆ ನಿಂತ ಗೆರೆ ಏಳುತ್ತದೆ, ಮೇಲಿನಿಂದ ಹಿಡಿದರೆ ಮಲಗಿದ ಗೆರೆ. ನಮ್ಮದು ಉರುಟು ಅಕ್ಷರ, ಆದ್ದರಿಂದ ಕಲ್ಲಿನ ಸುತ್ತ ಕೈ ತಿರುಗಿಸುತ್ತಲೇ ಇರಬೇಕು.

ಮೊದಲ ಪರೀಕ್ಷೆ ನಮ್ಮ ಸಂಬಂಧಿಕರ ತೋಟದಲ್ಲಿ. ಹಟ್ಟಿಯ ಹಿಂದೆ ಒಂದು ಕಣಶಿಲೆಯ ಕಲ್ಲು ಓರೆಯಾಗಿ ನಿಂತಿದೆ, ಕಲ್ಲುಹೂವು ಹಿಡಿದು ಅರ್ಧ ಬೂದಿ ಬಣ್ಣ. ಹಗಲು ನೋಡಿದರೆ ಬಟ್ಟೆ ಒಗೆಯುವ ಕಲ್ಲು ಅನ್ನಬೇಕು. ಸಂಜೆ ಏಳಕ್ಕೆ ಟಾರ್ಚು ಅಡ್ಡ ಹಿಡಿದೆ. ಮೇಲ್ಗಡೆ ಸೂರ್ಯ, ಚಂದ್ರ, ನಡುವೆ ಲಿಂಗ, ಅದರ ಕೆಳಗೆ ಎಂಟು ಸಾಲು! ಮೂರನೆಯ ಸಾಲಿನಲ್ಲಿ ಐದಾರು ಸಲ 'ಪ' ಅಂತ ಓದಿಕೊಂಡ ಅಕ್ಷರ, ಕೈ ಸ್ವಲ್ಪ ಮೇಲಕ್ಕೆ ಹೋದದ್ದೇ ತಲೆ ಮುಚ್ಚಿಕೊಂಡು 'ವ' ಆಯಿತು. ನಾನು ಕಲ್ಲಿನ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತದ್ದನ್ನು ನೋಡಿ ಮನೆಯಾಕೆ ಬಂದರು. "ಎಂತ ಅಕ್ಕ, ನಿಧಿಯಾ?"

ನಿಧಿಯ ಮಾತು ಮತ್ತೆ ಬರುತ್ತದೆ, ಇರಲಿ.

ಏಪ್ರಿಲ್‌ನಲ್ಲಿ ಅಮೆರಿಕದ ಅರಿಜೋನಾಕ್ಕೆ ಮಗಳ ಮನೆಗೆ ಹೋಗುವಾಗ ಟಾರ್ಚೂ ಬಂತು. ಬಜ್ಪೆ ವಿಮಾನ ನಿಲ್ದಾಣದಲ್ಲಿ ಸೆಕ್ಯುರಿಟಿಯವರು ಬ್ಯಾಗು ಬಿಚ್ಚಿಸಿ ತಿರುಗಿಸಿ ನೋಡಿದರು. ಬಿಡಿ ಲಿಥಿಯಂ ಸೆಲ್ ಇದ್ದರೆ ಕೈಚೀಲದಲ್ಲೇ ಇಡಿ, ಲಗೇಜಿಗೆ ಹಾಕಬೇಡಿ. ನಮ್ಮಳಿಯನಿಗೆ ಮರುಭೂಮಿಯಲ್ಲಿ ಸ್ಪೇನಿನವರ ಹಳೆಯ ದಾರಿ ಹುಡುಕುವ ಹುಚ್ಚು. ನಮಗೆ ಸ್ಪೇನ್ ದೂರ, ಇಲ್ಲಿಗೆ ಬಂದವರು ಪೋರ್ಚುಗೀಸರು. 1498ರಲ್ಲಿ ವಾಸ್ಕೋ ಡ ಗಾಮ ಮಲ್ಪೆಯೆದುರಿನ ದ್ವೀಪದಲ್ಲಿ ಗುರುತಿನ ಕಂಬ ನೆಟ್ಟು ಸಾಂತಾ ಮಾರಿಯಾ ಅಂತ ಹೆಸರಿಟ್ಟ ಅಂತ ಕ್ಲಾಸಿನಲ್ಲಿ ಹೇಳುತ್ತಿದ್ದೆನಲ್ಲ, ಅಷ್ಟೇ ನನ್ನ ಬಂಡವಾಳ.

ಮೊದಲು ಹೋದದ್ದು ಗಿಲಾ ಬೆಂಡ್ ಊರಿನ ಆಚೆ ಇರುವ ಪೇಂಟೆಡ್ ರಾಕ್ ಎಂಬಲ್ಲಿಗೆ. ಸಪಾಟು ಬಯಲಿನ ನಡುವೆ ಯಾರೋ ಸುರಿದು ಹೋದಂತೆ ಕಪ್ಪು ಬಂಡೆಗಳ ರಾಶಿ, ಮೇಲೆಲ್ಲ ಸುರುಳಿ, ಹಲ್ಲಿ, ಮನುಷ್ಯರು. ಸುಮಾರು 800 ಕೆತ್ತನೆಗಳು, ಅಲ್ಲಿನ ಮೂಲನಿವಾಸಿಗಳದ್ದು. 1775ರಲ್ಲಿ ಹುವಾನ್ ಬೌಟಿಸ್ಟಾ ದೆ ಆನ್ಸಾ ಎಂಬ ಸ್ಪ್ಯಾನಿಶ್ ಸೇನಾಧಿಕಾರಿ ತೂಬಾಕ್‌ನಿಂದ ಹೊರಟು, ಹೆಂಗಸರು ಮಕ್ಕಳೆಲ್ಲ ಸೇರಿ ಸುಮಾರು 240 ಜನರನ್ನು ಗಿಲಾ ನದಿಯ ಗುಂಟ ಇದೇ ಸೀಮೆಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ನಡೆಸಿಕೊಂಡು ಹೋದ. ಬಾಣಂತಿಯರನ್ನೂ ಕಟ್ಟಿಕೊಂಡು ಆ ಬಿಸಿಲಿನ ಊರಲ್ಲಿ ನಡೆಯುವುದೆಂದರೆ! ನನಗೆ ಕಾರಿನ ಎಸಿಯಿಂದ ಇಳಿಯಲಿಕ್ಕೇ ಮನಸ್ಸಿರಲಿಲ್ಲ.

ಕತ್ತಲಾಗುವವರೆಗೆ ಕಾದು, ದಾರಿಯ ಅಂಚಿನಲ್ಲೇ ನಿಂತು ಟಾರ್ಚು ಅಡ್ಡ ಹಿಡಿದೆ. ಏನೂ ಇಲ್ಲ. ಬಾರ್ಕೂರಿನ ವಿದ್ಯೆ ಇಲ್ಲಿ ನಡೆಯಲಿಲ್ಲ. "ಅತ್ತೆ, ಒಮ್ಮೆ ನೆಟ್ಟಗೆ ಹಿಡಿದು ನೋಡಿ" ಅಂದ ಅಳಿಯ. ಹಿಡಿದೆ, ಕಂಡಿತು. ಕಾರಣ ಆಮೇಲೆ ಹೊಳೆಯಿತು. ಮರುಭೂಮಿಯ ಕಲ್ಲಿಗೆ ಸಾವಿರಾರು ವರ್ಷದಲ್ಲಿ ಮ್ಯಾಂಗನೀಸ್, ಕಬ್ಬಿಣ ಸೇರಿ ಕಪ್ಪು ಪೊರೆ ಕಟ್ಟುತ್ತದೆ. ಅದನ್ನು ಕುಟ್ಟಿ ಎಬ್ಬಿಸಿ ಒಳಗಿನ ತಿಳಿಬಣ್ಣ ಕಾಣಿಸುವುದೇ ಅಲ್ಲಿನ ಚಿತ್ರ. ಅಲ್ಲಿರುವುದು ಬಣ್ಣದ ವ್ಯತ್ಯಾಸ, ಆಳ ಇಲ್ಲ. ಆಳ ಇಲ್ಲದಿದ್ದರೆ ನೆರಳು ಎಲ್ಲಿಂದ ಬರಬೇಕು? ಅಂಥ ಕಡೆಗೆಂದು ಈ ಟಾರ್ಚು ಕೊಳ್ಳಬೇಡಿ, ಹಗಲು ಹೊತ್ತಿನಲ್ಲೇ ಹೋಗಿ.

ದಾರಿಯ ಹೋಟೆಲಿನಲ್ಲಿ ಒಬ್ಬ ಮುದುಕ ಸಿಕ್ಕಿದ್ದ. ಬಂಡೆಯ ಮೇಲೆ ಬಾಣ, ಆಮೆ, ಶಿಲುಬೆ ಕಂಡರೆ ಅದು ಸ್ಪೇನಿನವರು ಚಿನ್ನ ಹೂತಿಟ್ಟ ಗುರುತಂತೆ. ನಲವತ್ತು ವರ್ಷದಿಂದ ಹುಡುಕುತ್ತಿದ್ದಾನೆ. ನನಗೆ ನಗು ಬಂತು, ಮರುಕ್ಷಣ ನಾಚಿಕೆಯೂ ಆಯಿತು. ನಮ್ಮಲ್ಲೇನು ಕಡಿಮೆಯೇ? ದೇವಸ್ಥಾನಕ್ಕೆ, ಬ್ರಾಹ್ಮಣರಿಗೆ ಬಿಟ್ಟ ಜಾಗದ ಗಡಿಗೆ ನೆಟ್ಟ ಲಿಂಗಮುದ್ರೆ ಕಲ್ಲು, ವಾಮನಮುದ್ರೆ ಕಲ್ಲು, ಬಸದಿಯ ಜಾಗಕ್ಕಾದರೆ ಮೂರು ಕೊಡೆ ಕೆತ್ತಿದ ಮುಕ್ಕೊಡೆ ಕಲ್ಲು. ಸೂರ್ಯಚಂದ್ರ ಇರುವಷ್ಟು ಕಾಲ ಈ ದಾನ ನಡೆಯಲಿ ಅಂತ ಕೊರೆದದ್ದನ್ನು ನಿಧಿಯ ನಕ್ಷೆ ಅಂದುಕೊಂಡು ಅಮಾವಾಸ್ಯೆ ರಾತ್ರಿ ಅಗೆದು ಮಗುಚುವವರು ನಮ್ಮಲ್ಲಿ ಎಷ್ಟು ಬೇಕು! ಅಲ್ಲಿ ಸರಕಾರಿ ಜಾಗದ ಇಂಥ ಹಳೆಯ ವಸ್ತು ಅಗೆದರೆ, ಕೆಡಿಸಿದರೆ 1979ರ ಕಾನೂನಿನಲ್ಲಿ ಜೈಲೇ ಆದೀತು, ಮುದುಕನಿಗೂ ಅದು ಗೊತ್ತಿತ್ತು.

ಎರಡನೆಯದು ನ್ಯೂ ಮೆಕ್ಸಿಕೋದ ಎಲ್ ಮೊರ್ರೊ. ಮರಳುಗಲ್ಲಿನ ದೊಡ್ಡ ಗೋಡೆ, ಬುಡದಲ್ಲಿ ಒಂದು ಮಡು. ನೀರಿಗೆ ನಿಂತವರೆಲ್ಲ ಹೆಸರು ಕೊರೆದು ಹೋಗಿದ್ದಾರೆ. ಸ್ಪ್ಯಾನಿಶ್ ಗವರ್ನರ್ ದೋನ್ ಹುವಾನ್ ದೆ ಓನ್ಯಾತೆ ತಾನು ಇಲ್ಲಿ ಹಾದುಹೋದದ್ದು 1605ರ ಏಪ್ರಿಲ್ 16ರಂದು ಅಂತ ಕೊರೆಸಿದ್ದಾನೆ. ನಮ್ಮ ಶಾಸನದ ಹಾಗೆ ಕೊರೆದ ಅಕ್ಷರ, ಆಳ ಇದೆ. ಆದರೆ ಟಾರ್ಚು ಚೀಲದಿಂದ ಹೊರಗೇ ಬರಲಿಲ್ಲ. ನಾವು ಹೋದ ಹೊತ್ತಿಗೆ ಬಿಸಿಲೇ ಓರೆಯಾಗಿ ಬೀಳುತ್ತಿತ್ತು. 1692ರಲ್ಲಿ ದಿಯೆಗೊ ದೆ ವರ್ಗಾಸ್ ಎಂಬ ಜನರಲ್ ತಾನು ನ್ಯೂ ಮೆಕ್ಸಿಕೋ ಗೆದ್ದದ್ದು "ಸ್ವಂತ ಖರ್ಚಿನಲ್ಲಿ" ಅಂತಲೂ ಕೊರೆಸಿದ್ದಾನೆ. ಅಳಿಯ ಅರ್ಥ ಹೇಳಿದಾಗ ನಮ್ಮೂರ ದೇವಸ್ಥಾನದ ಫ್ಯಾನಿನ ಎಸಳುಗಳ ಮೇಲೆ ಬರೆದ ದಾನಿಗಳ ಹೆಸರು ನೆನಪಾಯಿತು.

ಅರಿಜೋನಾದಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದದ್ದು ನಾನು ಲೆಕ್ಕಕ್ಕೇ ಇಟ್ಟಿರದ ಯುವಿ. ಚೇಳಿನ ಮೈ ಆ ಬೆಳಕಿಗೆ ಹಸಿರುಹಸಿರಾಗಿ ಹೊಳೆಯುತ್ತದೆ. ಮಗಳ ಮನೆಯ ಹಿತ್ತಿಲ ಗೋಡೆಯಲ್ಲಿ ಒಂದೇ ರಾತ್ರಿ ನಾಲ್ಕು ಎಣಿಸಿದೆವು. ಬೆಳಿಗ್ಗೆ ಚಪ್ಪಲಿ ಕೊಡವದೆ ಕಾಲು ಹಾಕುವ ಧೈರ್ಯ ಆಮೇಲೆ ನನಗೆ ಬರಲಿಲ್ಲ.

ಈಗ ದೂರು. ಫುಲ್ ಬೆಳಕಿನಲ್ಲಿ ಐದೇ ನಿಮಿಷಕ್ಕೆ ಕೈ ಸುಡುತ್ತದೆ, ತಾನೇ ಮಂಕಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮರೆತು ಬಿಟ್ಟ ದಿನ ಸಂಜೆಯವರೆಗೆ ಹೊತ್ತಲೇ ಇಲ್ಲ. ಝೂಮ್ ಎಳೆದರೆ ಕಲ್ಲಿನ ಮೇಲೆ ಚೌಕಾಕಾರದ ಬೆಳಕು ಬಿದ್ದು ಅಕ್ಷರವೆಲ್ಲ ಹಾಳು. ಎರಡನೇ ಮಳೆಗಾಲಕ್ಕೆ ಸ್ವಿಚ್ಚಿನ ರಬ್ಬರು ಒಡೆಯಿತು. ವಾರಂಟಿ ಉಂಟಲ್ಲ ಅಂದರೆ, "ರಬ್ಬರಿಗೆ ಇಲ್ಲ ಮೇಡಂ, ಬಿಲ್ಲಿನ ಹಿಂದೆ ಬರ್ದಿದೆ ನೋಡಿ" ಅಂದ ಅದೇ ಹುಡುಗ. ನೋಡಿದೆ, ಬರೆದಿತ್ತು. ಟಾರ್ಚು ಅಡ್ಡ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣಕ್ಕೆ.

ಈಗ ಸೈಕಲ್ ಟ್ಯೂಬಿನ ತುಂಡು ಅಂಟಿಸಿ ನಡೆಸುತ್ತಿದ್ದೇನೆ. ಕೊಳ್ಳುವವರು ಝೂಮ್ ಇಲ್ಲದ್ದು, ಬೆಳಕು ನಾಲ್ಕು ಹಂತದಲ್ಲಿ ಕಡಿಮೆಯಾಗುವಂಥದ್ದು ಕೇಳಿ. ಅಂಗಡಿಯಲ್ಲೇ ಒಂದು ರೂಪಾಯಿ ನಾಣ್ಯವನ್ನು ಮೇಜಿನ ಮೇಲಿಟ್ಟು ಅಡ್ಡ ಬೆಳಕು ಹಿಡಿದು ನೋಡಿ, ನೆರಳು ಚೂಪಾಗಿ ಬಿದ್ದರೆ ಮಾತ್ರ ತಗೊಳ್ಳಿ. ಯುವಿ ಇದ್ದರೆ ಬಿಡಬೇಡಿ. ಮೊನ್ನೆ ನಮ್ಮ ಕಟ್ಟಿಗೆ ಕೊಟ್ಟಿಗೆಯಲ್ಲೂ ಒಂದು ಹಸಿರಾಗಿ ಹೊಳೆಯಿತು.