ಶಿರಸಿ ಕಡೆ ರೋಬೋಟ್ ಲಾನ್ ಮೂವರ್ ತಗೊಳೋ ಯೋಚನೇಲಿ ಇದ್ದವರು ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಓದಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಹೋಂಸ್ಟೇ ಇಟ್ಟವರಿಗೆ, ಮನೆ ಮುಂದೆ ಲಾನ್ ಮಾಡಿಸಿದವರಿಗೆ ಈಗ ಮತ್ತೆ ಫೋನ್ ಬರೋಕೆ ಶುರುವಾಗಿದೆ, ತಾನೇ ಹುಲ್ಲು ಕತ್ತರಿಸೋ ರೋಬೋಟ್ ಇದೆ, ಬಂದು ಡೆಮೊ ಕೊಡ್ತೀವಿ ಅಂತ. ನಮ್ಮ ನೆಂಟರೊಬ್ಬರು ಹೆಚ್ಚುಕಮ್ಮಿ ಒಪ್ಪಿಕೊಂಡೇ ಬಿಟ್ಟಿದ್ರು. ಅದಕ್ಕೇ ಕೂತು ಬರೀತಾ ಇದೀನಿ. ನಮ್ಮ ಅಣ್ಣನ ಮನೇಲಿ ಒಂದೂವರೆ ಲಕ್ಷಕ್ಕೂ ಮೇಲೆ ಕೊಟ್ಟು ತಗೊಂಡ ಮಷಿನ್ ಇವತ್ತು ಅಡಿಕೆ ಚೀಲದ ಪಕ್ಕ ಅಟ್ಟದ ಮೇಲಿದೆ. ಉದ್ದ ಆಗತ್ತೆ ಬರಹ, ಆದ್ರೂ ದುಡ್ಡು ಕೊಡೋರು ಪೂರ್ತಿ ಓದಿ.

ಮೊದಲು ಯಾಕೆ ತಗೊಂಡ್ರು ಅಂತ ಹೇಳ್ತೀನಿ, ಯಾಕಂದ್ರೆ ಶೋಕಿಗೆ ತಗೊಂಡಿದ್ದಲ್ಲ. ಅಣ್ಣ ಅತ್ತಿಗೆ ಕುಮಟಾ ರಸ್ತೇಲಿ ಒಳಗೆ ಸಣ್ಣ ಹೋಂಸ್ಟೇ ನಡೆಸ್ತಾರೆ, ಅಂಗಳದಿಂದ ಕೆಳಗೆ ತೋಟದ ತನಕ ಸುಮಾರು ಹತ್ತು ಗುಂಟೆ ಹುಲ್ಲು ಹಾಸು. ನಮ್ಮ ಕಡೆ ಮನೆ ಹತ್ರ ಹುಲ್ಲು ಗಿಡ್ಡ ಇಡೋದು ಬರೀ ಚಂದಕ್ಕಲ್ಲ, ಮಳೆಗಾಲದಲ್ಲಿ ಉಂಬಳ, ಬೇಸಿಗೇಲಿ ಉಣುಗು, ಮಂಗನ ಕಾಯಿಲೆ ಸುದ್ದಿ ಕೇಳಿದ್ಮೇಲಂತೂ ಬೆಂಗಳೂರಿಂದ ಬರೋ ಗೆಸ್ಟ್‌ಗಳು ಉದ್ದ ಹುಲ್ಲು ನೋಡಿದ್ರೆ ಮಕ್ಕಳನ್ನ ಕೆಳಗೇ ಬಿಡಲ್ಲ. ಹುಲ್ಲು ಹೊಡೆಯೋಕೆ ಆಳು ಸಿಗಲ್ಲ, ಕೊನೆ ಕೊಯ್ಲು ಶುರುವಾದ್ರೆ ಕೇಳೋದೇ ಬೇಡ. ಹಂಗಾಗಿ ಒಂದು ಮಷಿನ್ ತಾನೇ ಓಡಾಡಿ ಹುಲ್ಲು ಕತ್ತರಿಸಿ ತಾನೇ ಹೋಗಿ ಚಾರ್ಜಿಗೆ ನಿಲ್ಲತ್ತೆ ಅಂದ್ರೆ ಯಾರಿಗಾದ್ರೂ ಮನಸ್ಸಾಗತ್ತೆ.

ಮಾರಿದವರ ಹೆಸರು ಇಲ್ಲಿ ಬರೆಯಲ್ಲ, ದೂರು ಕೊಡೋ ತಯಾರಿ ನಡೀತಿದೆ. ಅವರು ಡೆಮೊ ಕೊಟ್ಟಿದ್ದು ಫೆಬ್ರವರೀಲಿ, ಅದೂ ನಮ್ಮ ಜಾಗದಲ್ಲಲ್ಲ, ಮುಂಡಗೋಡ ಕಡೆ ಬಯಲಲ್ಲಿರೋ ಒಂದು ಸಪಾಟು ಲಾನ್‌ನಲ್ಲಿ. ಮೇಲೆ ಪೂರ್ತಿ ಆಕಾಶ, ಕೆಳಗೆ ನೀರು ಬಿಟ್ಟು ಬೆಳೆಸಿದ ಮೆತ್ತನೆ ಹುಲ್ಲು, ಒಂದು ಒಣ ಎಲೆ ಇಲ್ಲ. ಅಲ್ಲಿ ಅದು ನಿಜವಾಗ್ಲೂ ಚೆನ್ನಾಗೇ ಓಡ್ತು, ಅದ್ರಲ್ಲಿ ಸುಳ್ಳಿಲ್ಲ. ಸುಳ್ಳು ಇದ್ದಿದ್ದು ಆಮೇಲೆ ಬಾಯಲ್ಲಿ ಹೇಳಿದ್ರಲ್ಲಿ. ಮಳೇಲೂ ಓಡತ್ತೆ, 35 ಡಿಗ್ರಿ ಏರು ಹತ್ತತ್ತೆ, ಮರ ಇದ್ರೂ ತೊಂದ್ರೆ ಇಲ್ಲ, ಸರ್ವಿಸ್ ಹುಬ್ಬಳ್ಳೀಲೇ ಇದೆ ಅಂತ ಹೇಳಿದ್ರು. ಇದ್ರಲ್ಲಿ ಒಂದನ್ನೂ ಬರೆದು ಕೊಡಲಿಲ್ಲ.

ಈ ಮಷಿನ್ ಹೆಂಗೆ ಕೆಲಸ ಮಾಡತ್ತೆ ಅನ್ನೋದು ಗೊತ್ತಿದ್ರೆ ಅರ್ಧ ಮೋಸ ಅಲ್ಲೇ ತಪ್ಪತ್ತೆ. ನಾವು ಬಳಸೋ ಹುಲ್ಲು ಹೊಡೆಯೋ ಮಷಿನ್ ತರ ದೊಡ್ಡ ಬ್ಲೇಡ್ ಇದಕ್ಕಿಲ್ಲ, ತಿರುಗೋ ತಟ್ಟೆಗೆ ಶೇವಿಂಗ್ ಬ್ಲೇಡ್ ಅಷ್ಟು ತೆಳು ಇರೋ ಸಣ್ಣ ಸಣ್ಣ ಬ್ಲೇಡ್ ಸಿಕ್ಕಿಸಿರ್ತಾರೆ. ದಿನಾ ಓಡಿ ದಿನಾ ಒಂಚೂರು ತುದಿ ಕತ್ತರಿಸತ್ತೆ, ಕತ್ತರಿಸಿದ್ದು ಅಲ್ಲೇ ಬಿದ್ದು ಗೊಬ್ಬರ ಆಗತ್ತೆ. ಸಾಮಾನ್ಯವಾಗಿ 2ರಿಂದ 6 ಸೆಂಟಿಮೀಟರ್ ಎತ್ತರದೊಳಗೆ ಹುಲ್ಲನ್ನ ಇಟ್ಟುಕೊಳ್ಳೋದು ಇದರ ಕೆಲಸ. ಬೆಳೆದು ನಿಂತ ಹುಲ್ಲನ್ನ ಇಳಿಸೋ ಮಷಿನ್ ಇದಲ್ಲವೇ ಅಲ್ಲ. ಅಂದ್ರೆ ನಾಕು ದಿನ ನಿಂತ್ರೆ ಕತೆ ಮುಗೀತು, ಮತ್ತೆ ಆಳು ಕರೆದು ಮಾಮೂಲಿ ಮಷಿನ್‌ನಲ್ಲಿ ಹೊಡೆಸಿ ಆಮೇಲೆ ಇದನ್ನ ಬಿಡಬೇಕು.

ಇದು ಹುಟ್ಟಿದ್ದು ಯುರೋಪಿನ ಹುಲ್ಲಿಗೆ. 1995ರಲ್ಲೇ ಸ್ವೀಡನ್ನಿನ ಹಸ್ಕ್ವರ್ನಾ ಕಂಪನಿ ಬಿಸಿಲಿನ ಕರೆಂಟಲ್ಲಿ ಓಡೋ ಮಷಿನ್ ತಂದಿತ್ತು (ಅಣ್ಣನ ಮನೇದು ಆ ಕಂಪನೀದಲ್ಲ, ತಪ್ಪು ತಿಳೀಬೇಡಿ), ಅಲ್ಲಿ ಇದು ಹಳೇ ಸಾಮಾನು, ಚೆನ್ನಾಗಿ ನಡೆಯತ್ತೆ. ಆದ್ರೆ ಲಂಡನ್ನಲ್ಲಿ ವರ್ಷಕ್ಕೆ ಬೀಳೋದು ಸುಮಾರು 600 ಮಿಲಿಮೀಟರ್ ಮಳೆ, ಅದೂ ವರ್ಷಪೂರ್ತಿ ಹಂಚಿಕೊಂಡು. ಕಾರವಾರದಲ್ಲಿ 3000 ದಾಟತ್ತೆ, ಶಿರಸೀಲಿ 2000ದ ಮೇಲೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ವಾಟರ್‌ಪ್ರೂಫ್ ಅಂದ್ರೆ ನೀರು ಒಳಗೆ ಹೋಗಿ ಮಷಿನ್ ಸುಡಲ್ಲ ಅಂತ ಮಾತ್ರ, ಮಳೇಲಿ ಹುಲ್ಲು ಕತ್ತರಿಸತ್ತೆ ಅಂತಲ್ಲ. ಅಣ್ಣನ ಮಷಿನ್‌ನಲ್ಲಿ ಮಳೆ ಸೆನ್ಸರ್ ಇತ್ತು, ಹನಿ ಬಿದ್ದ ಕೂಡ್ಲೇ ಚಾರ್ಜಿಂಗ್ ಗೂಡಿಗೆ ವಾಪಸ್ಸು ಹೋಗಿ ನಿಲ್ತಿತ್ತು, ಮಳೆ ನಿಂತು ಮೂರು ಗಂಟೆ ಆಗೋ ತನಕ ಹೊರಗೆ ಬರ್ತಿರಲಿಲ್ಲ. ನಮ್ಮ ಆಷಾಢದ ಮಳೇಲಿ ಮೂರು ಗಂಟೆ ಹೊಳವು ಎಲ್ಲಿಂದ ತರೋದು ಹೇಳಿ. ಸೆನ್ಸರ್ ಆಫ್ ಮಾಡಿ ಬಿಟ್ಟರು. ಒದ್ದೆ ಹುಲ್ಲು ಅಡಿಗೆ ಮುದ್ದೆ ಕಟ್ಟಿ ಬ್ಲೇಡ್ ತಿರುಗದಂಗಾಯ್ತು, ಚಕ್ರ ಕೆಂಪು ಮಣ್ಣಲ್ಲಿ ಒಂದೇ ಕಡೆ ಸುತ್ತಿ ಸುತ್ತಿ ಹುಲ್ಲನ್ನೇ ಕಿತ್ತು ರಾಡಿ ಮಾಡಿ ಹಾಕಿತು. ಹುಲ್ಲು ಬೆಳೆಯೋ ನಾಕು ತಿಂಗಳು ಅದು ಓಡಲ್ಲ, ಅದು ಓಡೋ ಮಾರ್ಚ್ ಏಪ್ರಿಲ್‌ನಲ್ಲಿ ನೀರು ಹಾಕದಿದ್ರೆ ಹುಲ್ಲೇ ಒಣಗಿ ನಿಂತಿರತ್ತೆ. ಫೆಬ್ರವರೀಲಿ ಡೆಮೊ ಕೊಡೋದ್ಯಾಕೆ ಅಂತ ಈಗ ಅರ್ಥ ಆಗಿರಬಹುದು.

ಏರಿನ ವಿಷಯ ಕೇಳಿ, ಇದನ್ನ ನೀವೇ ಚೆಕ್ ಮಾಡಬಹುದು. ಬಾಯಲ್ಲಿ ಹೇಳಿದ್ದು 35 ಡಿಗ್ರಿ, ಬುಕ್ಕಲ್ಲಿ ಇದ್ದದ್ದು 35 ಪರ್ಸೆಂಟ್. ಎರಡಕ್ಕೂ ಅಜಗಜಾಂತರ. 35 ಪರ್ಸೆಂಟ್ ಅಂದ್ರೆ ಒಂದು ಮೀಟರ್ ಅಡ್ಡ ಹೋದಾಗ 35 ಸೆಂಟಿಮೀಟರ್ ಏರು, ಡಿಗ್ರೀಲಿ ಹೇಳಿದ್ರೆ 19ರ ಆಸುಪಾಸು. ನಿಜವಾದ 35 ಡಿಗ್ರಿ ಅಂದ್ರೆ 70 ಪರ್ಸೆಂಟ್ ಆಗತ್ತೆ. ಒಂದು ಮೀಟರ್ ಉದ್ದದ ಕೋಲಿನ ಒಂದು ತುದಿಯನ್ನ ಏರಿನ ಮೇಲ್ಗಡೆ ನೆಲಕ್ಕೆ ತಾಗಿಸಿ, ಮಟ್ಟಗೋಲು ಇಟ್ಟು ಅಡ್ಡ ಹಿಡಿದು, ಇಳಿಜಾರಿನ ಕಡೆ ತುದಿಯಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಇದೆ ಅಂತ ಅಳೆದುಬಿಡಿ, ಅದೇ ಪರ್ಸೆಂಟ್, ಗಾರೆ ಕೆಲಸದವರಿಗೆ ಹೇಳಿದ್ರೆ ಐದು ನಿಮಿಷದಲ್ಲಿ ಮಾಡಿಕೊಡ್ತಾರೆ. ಮತ್ತೆ ಆ ಲೆಕ್ಕ ಒಣಗಿದ ನೆಲಕ್ಕೆ, ಜಾರೋ ನೆಲಕ್ಕಲ್ಲ.

ಆಮೇಲೆ ಆಕಾಶ. ಹಳೇ ತರದ ಮಷಿನ್‌ಗೆ ಲಾನ್ ಸುತ್ತ ವೈರ್ ಹುಗೀಬೇಕು, ಆ ವೈರ್‌ನಲ್ಲಿ ಸಣ್ಣ ಕರೆಂಟ್ ಹರಿಯತ್ತೆ, ಅದರ ಸಿಗ್ನಲ್ ಹಿಡಿದು ಮಷಿನ್ ಗಡಿ ದಾಟದೇ ತಿರುಗತ್ತೆ. ಅಣ್ಣ ತಗೊಂಡಿದ್ದು ವೈರ್ ಇಲ್ಲದ್ದು, ಆರ್‌ಟಿಕೆ ಅಂತಾರೆ, ಮನೆ ಹತ್ರ ಒಂದು ಆಂಟೆನಾ ಕಂಬ ನಿಲ್ಲಿಸಿ ಸ್ಯಾಟಲೈಟ್ ಸಿಗ್ನಲ್ಲನ್ನ ತಿದ್ದಿ ತಿದ್ದಿ ಕೆಲವೇ ಸೆಂಟಿಮೀಟರ್ ತನಕ ಜಾಗ ಕಂಡುಹಿಡಿಯತ್ತೆ. ತಂತ್ರಜ್ಞಾನ ಒಳ್ಳೇದೇ. ಆದ್ರೆ ಆಂಟೆನಾಕ್ಕೂ ಮಷಿನ್‌ಗೂ ಎರಡಕ್ಕೂ ತಲೆ ಮೇಲೆ ಬಯಲು ಆಕಾಶ ಬೇಕು. ನಮ್ಮ ಮನೆಗಳು ಇರೋದೆಲ್ಲಿ, ಹಿಂದೆ ಬೆಟ್ಟ, ಕೆಳಗೆ ಅಡಿಕೆ ತೋಟ, ಅಂಗಳದಲ್ಲಿ ಹಲಸು ಮಾವು. ಹಲಸಿನ ಮರದ ಬುಡಕ್ಕೆ ಹೋದ ಕೂಡ್ಲೇ ಎಲ್ಲಿದೀನಿ ಅಂತ ಗೊತ್ತಾಗದೇ ನಿಂತುಬಿಡ್ತಿತ್ತು. ತೋಟದ ಅಂಚಿಗೆ ಹೋದ್ರೂ ಅದೇ. ಅಣ್ಣ ಫೋನ್ ಮಾಡಿದಾಗೆಲ್ಲ "ತಂಗಿ, ಇವತ್ತೂ ಓಡ್ತಿಲ್ಲೆ" ಅನ್ನೋದೇ ಆಯ್ತು. ಕಂಪ್ಲೇಂಟ್ ಮಾಡಿದ್ರೆ ಮಾರಿದವರು ಹೇಳಿದ್ದು ಮರ ಕಡೀರಿ ಅಂತ. ಅಜ್ಜ ನೆಟ್ಟ ಹಲಸಿನ ಮರ ಅದು, ಹುಲ್ಲು ಕತ್ತರಿಸೋ ಮಷಿನ್‌ಗೋಸ್ಕರ ಕಡಿಯೋದಾ? ಅತ್ತಿಗೆ ಅವತ್ತು ಫೋನ್ ಇಸಕೊಂಡು ಸರಿಯಾಗೇ ಮಾತಾಡಿದ್ರು. ಇನ್ನು ಉದುರಿದ ಅಡಿಕೆ ಹಾಳೆ, ಸೋಗೆ, ಎಳೆ ಹಲಸಿನಕಾಯಿ, ಒಂದೊಂದಕ್ಕೂ ಅದು ಗುದ್ದಿ ನಿಲ್ಲೋದು, ದಿನಾ ಬೆಳಿಗ್ಗೆ ಲಾನ್ ಹೆರಕೋಕೆ ಒಬ್ಬರು ಬೇಕು.

ಗುಡುಗು ಸಿಡಿಲಿನ ಬಗ್ಗೆ ನಮ್ಮ ಜನಕ್ಕೆ ಹೇಳಿಕೊಡೋದು ಬೇಡ, ಮೋಡ ಕಟ್ಟಿದ್ರೆ ಟಿವಿ, ಮೋಡೆಮ್ ಎಲ್ಲಾ ಪ್ಲಗ್ ತೆಗೆಯೋದು ಮನೆ ಮನೇಲೂ ರೂಢಿ. ಈ ಮಷಿನ್‌ನ ಗೂಡು ಅಂಗಳದಲ್ಲಿ, ಅಡಾಪ್ಟರ್ ಸದಾ ಪ್ಲಗ್‌ನಲ್ಲಿ, ಆಂಟೆನಾ ಕಂಬದ ಮೇಲೆ. ಮೇ ತಿಂಗಳ ಒಂದು ಅಡ್ಡಮಳೆಗೆ ಅಡಾಪ್ಟರೂ ಆಂಟೆನಾನೂ ಎರಡೂ ಹೋಯ್ತು. ಸಿಡಿಲಿಗೆ ವಾರಂಟಿ ಇಲ್ಲ ಅಂದ್ರು. ವೈರ್ ಹುಗಿಯೋ ಮಷಿನ್‌ಗಳಿಗೂ ಇದೇ ಅಪಾಯ ಇದೆ, ಅಂಗಳ ತುಂಬ ಉದ್ದಕ್ಕೆ ತಂತಿ ಹಾಕಿಟ್ಟ ಹಂಗೆ, ಸಿಡಿಲಿನ ಲಕ್ಷಣ ಇದ್ರೆ ಚಾರ್ಜಿಂಗ್ ಗೂಡಿನ ಎಲ್ಲಾ ಕನೆಕ್ಷನ್ ತೆಗೀರಿ ಅಂತ ಅವುಗಳ ಬುಕ್ಕಲ್ಲೇ ಬರೆದಿರ್ತಾರೆ. ಗೋಕರ್ಣ ಕಡೆ ನಮ್ಮ ಪರಿಚಯದವರ ರೆಸಾರ್ಟ್‌ನಲ್ಲಿ ವೈರಿಂದೇ ಇತ್ತು. ಅಲ್ಲಿ ವೈರನ್ನ ಹೆಗ್ಗಣ ಕಡಿದು ಕಡಿದು ಹಾಕ್ತು, ಉಪ್ಪು ಗಾಳಿಗೆ ಚಾರ್ಜ್ ಆಗೋ ತಗಡು ಕಿಲುಬು ಹಿಡೀತು. ಕರಾವಳಿಯವರು ಅದನ್ನ ತಲೇಲಿಟ್ಕೊಳಿ.

ಈಗ ಹೇಳೋದು ನನಗೆ ಎಲ್ಲಕ್ಕಿಂತ ಬೇಜಾರಾದ ವಿಷಯ. ಇಂಥಾ ಮಷಿನ್ ಮೇಲೆ ಇಷ್ಟು ಚದರ ಮೀಟರ್ ಅಂತ ಬರೆದಿರ್ತಾರಲ್ಲ, 1000 ಅಂದ್ರೆ ಹತ್ತು ಗುಂಟೆ, ಆ ಲೆಕ್ಕ ಹೆಚ್ಚಾಗಿ ಹಗಲೂ ರಾತ್ರಿ ಓಡಿಸಿದ್ರೆ ಮಾತ್ರ. ಹಗಲಲ್ಲಿ ಗೆಸ್ಟ್ ಇರ್ತಾರೆ, ಮಳೆ ಇರತ್ತೆ, ರಾತ್ರಿ ಓಡಿಸಿ ಅಂತ ಮಾರಿದವರೇ ಸೆಟ್ ಮಾಡಿಕೊಟ್ಟರು. ಮೊದಲ ಮಳೆ ಬಿದ್ದ ಮಾರನೇ ದಿನ ಬೆಳಿಗ್ಗೆ ಅತ್ತಿಗೆ ಹೂ ಕೊಯ್ಯೋಕೆ ಹೋದಾಗ ಲಾನ್ ತುಂಬ ಕತ್ತರಿಸಿ ಹೋದ ಕಪ್ಪೆ, ಮರಿ ಕಪ್ಪೆ. ಕೆಲವು ಇನ್ನೂ ಜೀವ ಇದ್ವು. ಮಳೆ ಶುರುವಾದಾಗ ನಮ್ಮ ಅಂಗಳಕ್ಕೆ ಎಷ್ಟು ಕಪ್ಪೆ ಬರ್ತಾವೆ ಅಂತ ಇಲ್ಲಿಯವರಿಗೆ ಗೊತ್ತು. ಯುರೋಪಲ್ಲಿ ಇದೇ ತೊಂದರೆ ಹೆಜ್‌ಹಾಗ್ ಅನ್ನೋ ಸಣ್ಣ ಮುಳ್ಳಿನ ಪ್ರಾಣಿಗೆ ಆಗ್ತಿದೆ, 2021ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಅಧ್ಯಯನದಲ್ಲಿ ಸತ್ತ ಹೆಜ್‌ಹಾಗ್ ಇಟ್ಟು ಹಲವು ಮಷಿನ್ ಟೆಸ್ಟ್ ಮಾಡಿದ್ರು, ಮೈಗೆ ತಾಗದೇ ದೂರದಿಂದಲೇ ಗುರುತಿಸಿದ ಮಷಿನ್ ಅದರಲ್ಲಿ ಒಂದೂ ಇರಲಿಲ್ಲ. ಅಷ್ಟು ದೊಡ್ಡ ಪ್ರಾಣೀನೇ ಗೊತ್ತಾಗಲ್ಲ ಅಂದ್ರೆ ಕಪ್ಪೆ ಎಲ್ಲಿ ಗೊತ್ತಾಗತ್ತೆ. ಕ್ಯಾಮೆರಾ ಇರೋ ಹೊಸ ಮಷಿನ್ ಬಂದಿದಾವೆ, ನಿಮಗೆ ಅದನ್ನ ತೋರಿಸಿದ್ರೂ ರಾತ್ರಿ ಮಾತ್ರ ಬಿಡಬೇಡಿ. ಅಂಗಳದಲ್ಲಿ ತೆವಳೋ ಮಗು ಇದ್ರೆ ಹಗಲಲ್ಲೂ ಬೇಡ. ಎತ್ತಿದ್ರೆ ಬ್ಲೇಡ್ ನಿಲ್ಲತ್ತೆ ನಿಜ, ಅಡಿಗೆ ಬೆರಳು ಹಾಕೋ ಮಗು ಎತ್ತಲ್ಲವಲ್ಲ. ರಾತ್ರಿ ಓಡಿಸೋದು ನಿಲ್ಲಿಸಿದ ಮೇಲೆ ಹತ್ತು ಗುಂಟೆಯಲ್ಲಿ ಅರ್ಧವೂ ಆಗ್ತಿರಲಿಲ್ಲ.

ಸರ್ವಿಸ್ ಹುಬ್ಬಳ್ಳೀಲಿ ಅಂದಿದ್ರಲ್ಲ, ಅಲ್ಲಿ ಇದ್ದದ್ದು ಕೊರಿಯರ್‌ಗೆ ಹಾಕೋ ಒಂದು ಅಂಗಡಿ. ಕೊನೆಗೆ ಮಷಿನ್ ತಯಾರಿಸಿದ ಕಂಪನಿಗೇ ಸೀರಿಯಲ್ ನಂಬರ್ ಬರೆದು ಮೇಲ್ ಹಾಕಿದಾಗ ಬಂದ ಉತ್ತರ, ಇದು ಬೇರೆ ದೇಶದ ಮಾರ್ಕೆಟ್‌ಗೆ ಕಳಿಸಿದ ಮಷಿನ್, ಇಂಡಿಯಾದಲ್ಲಿ ವಾರಂಟಿ ಇಲ್ಲ. ಅಂದ್ರೆ ಯಾರೋ ಹೊರಗಿಂದ ತಂದು ಇಲ್ಲಿ ಮಾರಿದ್ದು. ಹಂಗಾಗಿ ದುಡ್ಡು ಕೊಡೋ ಮುಂಚೆ ಸೀರಿಯಲ್ ನಂಬರ್ ಇಸಕೊಂಡು ನೀವೇ ಕಂಪನಿಗೆ ಮೇಲ್ ಹಾಕಿ, ಎರಡು ದಿನ ತಡ ಆದ್ರೂ ಪರವಾಗಿಲ್ಲ. ವೈರ್‌ಲೆಸ್ ಇರೋ ಸಾಮಾನಿಗೆ ನಮ್ಮ ದೇಶದಲ್ಲಿ ಇಟಿಎ ಅಂತ ಅನುಮತಿ ಬೇಕು, ಅದರ ಕಾಪಿ ಕೇಳಿ. ಬ್ಯಾಟರಿ ರೇಟು, ಬ್ಲೇಡ್ ರೇಟು ಬರೆಸಿಕೊಳ್ಳಿ, ಬ್ಲೇಡ್ ಒಂದೆರಡು ತಿಂಗಳಿಗೊಮ್ಮೆ ಬದಲಿಸಬೇಕು, ನಮ್ಮ ಚಿರೆಕಲ್ಲಿನ ಹರಳಿಗೆ ಇನ್ನೂ ಬೇಗ ಮೊಂಡಾಗತ್ತೆ. ಡೆಮೊ ನಿಮ್ಮ ಜಾಗದಲ್ಲೇ, ಜುಲೈನಲ್ಲೇ ಆಗಲಿ ಅನ್ನಿ. ಒಪ್ಪದಿದ್ರೆ ಬಿಟ್ಟುಬಿಡಿ.

ಬಿಲ್ಲಿನ ವಿಷಯದಲ್ಲಿ ಒಂದು ಮಾತು ತುಂಬ ಮುಖ್ಯ. ಜಿಎಸ್‌ಟಿ ವಾಪಸ್ ಸಿಗತ್ತೆ ಅಂತ ಹೇಳಿ ಅವರು ಬಿಲ್ಲನ್ನ ಹೋಂಸ್ಟೇ ಹೆಸರಿಗೆ ಮಾಡಿದ್ರು. ಈಗ ದೂರು ಅಂದ್ರೆ, ನೀವು ವ್ಯಾಪಾರಕ್ಕೆ ತಗೊಂಡಿದ್ದು, ಗ್ರಾಹಕರೇ ಅಲ್ಲ ಅಂತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೇಲಿ ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನ ಹೊರಗಿಟ್ಟಿದ್ದು ಹೌದು, ಆದ್ರೆ ಸ್ವಂತ ದುಡಿಮೆಯಿಂದ ಜೀವನ ನಡೆಸೋಕೆ ಮಾತ್ರ ಕೊಂಡಿದ್ರೆ ಅದು ವಾಣಿಜ್ಯ ಅಲ್ಲ ಅಂತ ಅದೇ ಕಾಯ್ದೇಲಿ ವಿವರಣೆ ಇದೆ. ಅಣ್ಣ ಅತ್ತಿಗೆ ಇಬ್ಬರೇ ಅಡುಗೆಯಿಂದ ಕೋಣೆ ಗುಡಿಸೋ ತನಕ ಮಾಡ್ತಾರೆ, ಅದರ ಮೇಲೇ ವಾದ ಮಾಡೋಣ ಅಂತ ವಕೀಲರು ಹೇಳಿದಾರೆ. ಮನೆ ಲಾನ್‌ಗೆ ತಗೊಳೋರು ಬಿಲ್ಲನ್ನ ಸ್ವಂತ ಹೆಸರಿಗೇ ಮಾಡಿಸಿ.

ಈಗಾಗ್ಲೇ ತಗೊಂಡು ಸಿಕ್ಕಿಹಾಕಿಕೊಂಡವರು ಸುಮ್ಮನೆ ಕೂರಬೇಡಿ. ಮೊದಲು 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. ಅಲ್ಲಿ ಆಗದಿದ್ರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ, ಮಾರಿದವರು ಎಲ್ಲಿಯವರೇ ಆಗಿರಲಿ ನೀವು ಇರೋ ಜಿಲ್ಲೇಲೇ ದೂರು ಹಾಕಬಹುದು, ಸಾಮಾನಿಗೆ ಕೊಟ್ಟ ದುಡ್ಡು 5 ಲಕ್ಷದ ತನಕ ಇದ್ರೆ ಫೀಸ್ ಇಲ್ಲ, ತೊಂದರೆ ಆದಾಗಿಂದ 2 ವರ್ಷದೊಳಗೆ ಹಾಕಬೇಕು. ವಾಟ್ಸಾಪ್ ಮೆಸೇಜು, ಮಷಿನ್ ನಿಂತ ವಿಡಿಯೋ, ದುಡ್ಡು ಕಳಿಸಿದ ರಸೀದಿ ಏನನ್ನೂ ಡಿಲೀಟ್ ಮಾಡಬೇಡಿ. ಫೆಬ್ರವರೀಲಿ ಮುಂಡಗೋಡ ಕಡೆ ಅದೇ ಡೆಮೊ ನೋಡಿ ದುಡ್ಡು ಕೊಟ್ಟವರು ಇನ್ನೂ ಇರಬೇಕು ಅನ್ಸತ್ತೆ, ಇದ್ರೆ ನನಗೆ ಮೆಸೇಜ್ ಮಾಡಿ, ಅಣ್ಣನ ದೂರಿನ ಜೊತೆಗೇ ನಿಮ್ಮದೂ ಹಾಕೋಣ.