ಎಳೆಯೋಕೆ ಎಲ್ಲವೂ ಎಳೆಯುತ್ತವೆ: ಟ್ರೇಲರ್‌ಗೆ ಯಾವ ಆರು ಸಿಲಿಂಡರ್ ಟರ್ಬೊ?

ಟ್ರೇಲರ್ ಎಳೆಯುವ ಪಿಕಪ್ ಟ್ರಕ್ಕಿಗೆ ಪೆಟ್ರೋಲ್ ಟರ್ಬೊನೋ ಡೀಸೆಲ್ಲೋ ಅಂದರೆ, ನನ್ನ ಓಟು ಡೀಸೆಲ್‌ಗೆ. ಮೊದಲೇ ಹೇಳಿಬಿಡುತ್ತೇನೆ. ಎರಡೂ ಕಡೆ ಸಮವಾಗಿ ತೂಗಿ ಕೊನೆಗೆ ಗುಟ್ಟು ಬಿಚ್ಚುವಷ್ಟು ತಾಳ್ಮೆ ನನಗಿಲ್ಲ.

ನಾವಿರುವುದು ಅಮೆರಿಕದ ಕೊಲೊರಾಡೊದಲ್ಲಿ, ಡೆನ್ವರ್ ಪಕ್ಕ. ಮನೆಯಲ್ಲಿ ನಾಲ್ಕು ಜನ, ಜೊತೆಗೆ 24 ಅಡಿಯ ಒಂದು ಟ್ರಾವೆಲ್ ಟ್ರೇಲರ್, ಅಂದರೆ ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ. ನೀರು, ಗ್ಯಾಸು, ಅಕ್ಕಿ ಬೇಳೆ, ಮಕ್ಕಳ ಸೈಕಲ್ಲು ಎಲ್ಲಾ ತುಂಬಿದರೆ 6,500 ಪೌಂಡ್ ಆಸುಪಾಸು ತೂಗುತ್ತದೆ, ಅಂದರೆ ಮೂರು ಟನ್ನಿಗೆ ಒಂಚೂರು ಕಮ್ಮಿ. ಬೇಸಿಗೆ ಬಂತೆಂದರೆ ಅದನ್ನು ಕಟ್ಟಿಕೊಂಡು ಐ-70 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಡುತ್ತೇವೆ.

ಮೊದಲು ನಮ್ಮಲ್ಲಿದ್ದದ್ದು ಫೋರ್ಡ್ ಎಫ್-150, ಅದರಲ್ಲಿ 3.5 ಇಕೋಬೂಸ್ಟ್, ಎರಡು ಟರ್ಬೊ ಇರುವ, ಆರು ಸಿಲಿಂಡರ್ ವಿ ಆಕಾರದಲ್ಲಿ ಕೂತ ಪೆಟ್ರೋಲ್ ಎಂಜಿನ್ (ವಿ6). ಈಗಿರುವುದು ಷೆವರ್ಲೆ ಸಿಲ್ವರಾಡೊ 1500, ಅದರಲ್ಲಿ 3 ಲೀಟರಿನ ಡ್ಯೂರಾಮ್ಯಾಕ್ಸ್ ಡೀಸೆಲ್. ಇದರ ಆರೂ ಸಿಲಿಂಡರ್ ಒಂದೇ ಸಾಲಿನಲ್ಲಿವೆ. 2021ರ ಮಾಡೆಲ್, ಸೆಕೆಂಡ್ ಹ್ಯಾಂಡ್. ನಡುವೆ ಗೆಳೆಯನ ಟೊಯೋಟಾ ಟಂಡ್ರಾಗೆ (ಅದೂ ಪೆಟ್ರೋಲ್ ಟರ್ಬೊ ವಿ6) ಇದೇ ಟ್ರೇಲರ್ ಕಟ್ಟಿ ಓಡಿಸಿದ್ದೇನೆ. ರ‍್ಯಾಮ್ 1500ರ ಹೊಸ ಹರಿಕೇನ್ ಎಂಜಿನ್ನನ್ನು ಓಡಿಸಿದ್ದು ಟ್ರೇಲರ್ ಇಲ್ಲದೆ, ಹಾಗಾಗಿ ಅದರ ಬಗ್ಗೆ ನನ್ನ ಮಾತಿಗೆ ಅರ್ಧ ಬೆಲೆ ಕೊಡಿ ಸಾಕು.

ನಮ್ಮ ಕಡೆ ಟರ್ಬೊ ಬೇಕೇ ಬೇಕು. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿ ಮೇಲೇರಿದಂತೆ ಸುಮಾರು 3% ಶಕ್ತಿ ಕಳೆದುಕೊಳ್ಳುತ್ತದೆ. ಐ-70ಯ ಐಸೆನ್‌ಹೋವರ್ ಸುರಂಗ ಇರುವುದು 11,000 ಅಡಿಗೂ ಮೇಲೆ. ಟರ್ಬೊ ಇಲ್ಲದ ಹಳೇ ಎಂಟು ಸಿಲಿಂಡರ್ ವಿ8 ಅಲ್ಲಿಗೆ ಬರುವಷ್ಟರಲ್ಲಿ ಮೂರನೇ ಒಂದು ಭಾಗ ಶಕ್ತಿಯನ್ನು ಕೆಳಗೇ ಬಿಟ್ಟು ಬಂದಿರುತ್ತದೆ. ಟರ್ಬೊ ಇದ್ದರೆ ತೆಳು ಗಾಳಿಯನ್ನೇ ಒತ್ತಿ ಒತ್ತಿ ಒಳಗೆ ತುಂಬುತ್ತದೆ, ಅಷ್ಟೊಂದು ಸೊರಗುವುದಿಲ್ಲ.

ಹತ್ತುವುದರಲ್ಲಿ ಪೆಟ್ರೋಲೇ ಗೆಲ್ಲುತ್ತದೆ, ಅದರಲ್ಲಿ ವಾದ ಇಲ್ಲ. ಈಗಿನ ಇಕೋಬೂಸ್ಟ್ 400 ಅಶ್ವಶಕ್ತಿ, 500 ಪೌಂಡ್-ಅಡಿ ಟಾರ್ಕ್, ಅಂದರೆ ತಿರುಗಿಸುವ ಬಲ. ನನ್ನ ಡೀಸೆಲ್ 277 ಅಶ್ವಶಕ್ತಿ, 460 ಟಾರ್ಕ್. ಸಿಲ್ವರ್‌ಥಾರ್ನ್ ಊರಿನಿಂದ ಸುರಂಗದವರೆಗಿನ 7% ಏರು ಟ್ರಕ್ ಪರೀಕ್ಷೆ ಮಾಡಿ ವಿಡಿಯೋ ಹಾಕುವವರಿಗೆಲ್ಲ ಪ್ರೀತಿಯ ಜಾಗ. ಅಲ್ಲಿ ಇಕೋಬೂಸ್ಟ್ ಸುಮ್ನೆ ಕಾಲಿಟ್ಟರೆ ಸಾಕು, ಎದ್ದು ಹೋಗುತ್ತಿತ್ತು. ಡೀಸೆಲ್‌ನಲ್ಲಿ ಪೆಡಲ್ ನೆಲಕ್ಕೆ ಒತ್ತಿದರೂ ವೇಗ ನಿಧಾನಕ್ಕೆ ಇಳಿಯುತ್ತದೆ, ನಾನು ಬಲಗಡೆ ಲಾರಿಗಳ ಲೇನ್ ಸೇರಿಕೊಳ್ಳುತ್ತೇನೆ. ಬೇಜಾರೇನಿಲ್ಲ. ಆ ಏರು ಮುಗಿಯೋಕೆ ಹತ್ತು ನಿಮಿಷ ಬೇಕು ಅಷ್ಟೆ.

ಆ ಹತ್ತು ನಿಮಿಷಕ್ಕಾಗಿ ಟ್ರಕ್ ತಗೊಳ್ಳುವವರನ್ನು ಕಂಡರೆ ನನಗೆ ಆಶ್ಚರ್ಯ. ನನ್ನನ್ನು ಸುಸ್ತು ಮಾಡಿದ್ದು ಘಟ್ಟ ಅಲ್ಲ, ಪೆಟ್ರೋಲ್ ಬಂಕು.

ಪೆಟ್ರೋಲ್ ಟರ್ಬೊ ಖಾಲಿ ಓಡುವಾಗ ಒಳ್ಳೇ ಮೈಲೇಜ್ ಕೊಡುತ್ತದೆ. ಹಿಂದೆ ಗೋಡೆಯಂಥ ಟ್ರೇಲರ್ ಕಟ್ಟಿದರೆ ಕಥೆ ಬೇರೆ. ಟರ್ಬೊ ಸದಾ ಒತ್ತುತ್ತಲೇ ಇರಬೇಕು, ಒಳಗಿನ ಶಾಖ ತಡೆಯಲು ಎಂಜಿನ್ ಇನ್ನಷ್ಟು ಪೆಟ್ರೋಲ್ ಸುರಿದುಕೊಳ್ಳುತ್ತದೆ. ನನಗೆ ಸಿಗುತ್ತಿದ್ದದ್ದು ಗ್ಯಾಲನ್ನಿಗೆ 9 ಮೈಲಿ, ಎದುರು ಗಾಳಿ ಇದ್ದರೆ 8. ಇದು ಫೋರ್ಡಿನ ಕುಂದಲ್ಲ, ಟಂಡ್ರಾದಲ್ಲೂ ನಾನು ಕಂಡದ್ದು ಹೆಚ್ಚೂಕಮ್ಮಿ ಇಷ್ಟೇ. ಸಣ್ಣ ಎಂಜಿನ್ ದೊಡ್ಡ ಕೆಲಸ ಮಾಡುವಾಗ ಹಸಿವು ಜಾಸ್ತಿ, ಅಲ್ವಾ? ಆ ಫೋರ್ಡಿನ ಟ್ಯಾಂಕ್ 26 ಗ್ಯಾಲನ್ನಿನದು. ಕಾಲು ಟ್ಯಾಂಕ್ ಉಳಿಸಿಕೊಂಡೇ ನಿಲ್ಲಿಸುವ ಅಭ್ಯಾಸ ನನ್ನದು. ಅಲ್ಲಿಗೆ 170, 180 ಮೈಲಿಗೊಂದು ಬಂಕು.

ಕಾರಿನಲ್ಲಿ ಹೋಗುವವರಿಗೆ ಇದರಲ್ಲಿ ಏನಿದೆ ಕಷ್ಟ ಅನ್ನಿಸಬಹುದು. ಟ್ರಕ್ಕು, ಟ್ರೇಲರ್ ಸೇರಿ 45 ಅಡಿ ಆಗುತ್ತದೆ. ಇಲ್ಲಿನ ಸಣ್ಣ ಊರಿನ ಬಂಕುಗಳಲ್ಲಿ ಪೆಟ್ರೋಲ್ ಪಂಪುಗಳ ಎದುರಿಗೇ ಅಂಗಡಿ. ಪಂಪಿನ ತುದಿಗೂ ಅಂಗಡಿ ಮುಂದೆ ನಿಂತ ಕಾರುಗಳಿಗೂ ನಡುವೆ ಒಂದು ಕಾರು ತಿರುಗುವಷ್ಟು ಜಾಗ. ಒಳಗೆ ನುಗ್ಗುವಾಗ ಸಲೀಸು. ಹೊರಗೆ ಬರುವಾಗ ಮೂತಿ ಎಡಕ್ಕೆ ತಿರುಗಿಸಿದರೆ ಟ್ರೇಲರಿನ ಚಕ್ರ ಪಂಪಿನ ಪಕ್ಕದ ಹಳದಿ ಕಬ್ಬಿಣದ ಕಂಬದ ಕಡೆ ಎಳೆಯುತ್ತದೆ, ಹಿಂಬದಿ ಅತ್ತ ಇನ್ನೊಂದು ಪಂಪಿನ ಕಡೆ ಬೀಸುತ್ತದೆ. ನನ್ನ ಹೆಂಡತಿ ಕೆಳಗಿಳಿದು ಕಂಬದ ಪಕ್ಕ ನಿಂತು, ಕೈ ಚಾಚಿ ಅಂತರ ತೋರಿಸಬೇಕು. “ಬನ್ನಿ, ಬನ್ನಿ, ಇನ್ನೊಂಚೂರು, ಹಾಂ ನಿಲ್ಲಿಸ್ರೀ!”

ಒಮ್ಮೆ ಪಕ್ಕದ ಯೂಟಾ ರಾಜ್ಯದ ಒಂದು ಊರಿನಲ್ಲಿ ನನ್ನ ಮೂತಿಗೆ ಅಡ್ಡವಾಗಿ ಒಬ್ಬ ಪುಣ್ಯಾತ್ಮ ಕಾರು ನಿಲ್ಲಿಸಿ ಐಸ್ ಚೀಲ ತರಲು ಒಳಗೆ ಹೋದ. ಹಿಂದೆ ಇನ್ನೊಬ್ಬ ದೋಣಿ ಕಟ್ಟಿದ ಟ್ರಕ್ ತಂದು ಅಂಟಿಸಿದ. ಮುಂದೆ ಹೋಗುವ ಹಾಗಿಲ್ಲ, ಹಿಂದೆ ಬರುವ ಹಾಗಿಲ್ಲ. ಪೆಟ್ರೋಲ್ ತುಂಬಿ ಆಗಿತ್ತು, ದುಡ್ಡೂ ಕಟ್ಟಿ ಆಗಿತ್ತು. ಟ್ರೇಲರ್ ಒಳಗೆ ಹೋಗಿ ಮೊಸರನ್ನ ತಿಂದು ಬಂದೆವು. ಆತ ಒಳಗೆ ಸಾಲಿನಲ್ಲಿ ನಿಂತೇ ಇದ್ದ.

ಇಷ್ಟು ಸಾಲದು ಅಂತ ಕೊಲೊರಾಡೊದಲ್ಲಿ ಇನ್ನೊಂದು ತಕರಾರು. ಎತ್ತರದ ಊರು ಅಂತ ಇಲ್ಲಿ ಪಂಪಿನ ಎಡಗಡೆಯ ಅಗ್ಗದ ಬಟನ್ 85 ಆಕ್ಟೇನ್ (ಒತ್ತಡದಲ್ಲಿ ಪೆಟ್ರೋಲ್ ಹೊತ್ತಿಗೆ ಮುಂಚೆ ಉರಿಯದೆ ತಡೆಯುವ ಅಳತೆ). ಬೇರೆ ಕಡೆ ಅದೇ ಬಟನ್ 87 ಇರುತ್ತದೆ. ಟರ್ಬೊ ಎಂಜಿನ್ನಿಗೆ 85 ಹಾಕಬಾರದು, ಟ್ರೇಲರ್ ಎಳೆಯುವಾಗಂತೂ ಹಾಕಲೇಬಾರದು. ನಡುವಿನ ಬಟನ್ ಒತ್ತಬೇಕು, ಬಿಸಿಲಲ್ಲಿ ಘಟ್ಟ ಹತ್ತುವುದಿದ್ದರೆ 91ರದ್ದು. ಹಾಗಾಗಿ ‘ಡೀಸೆಲ್ ದುಬಾರಿ’ ಅನ್ನುವವರು ಯಾವ ಪೆಟ್ರೋಲ್ ಜೊತೆ ಹೋಲಿಸುತ್ತಿದ್ದಾರೆ ಅಂತ ಕೇಳಿ ನೋಡಿ.

ಐ-70ಯಲ್ಲೇ ಯೂಟಾದ ಗ್ರೀನ್ ರಿವರ್ ಊರು ದಾಟಿ ಪಶ್ಚಿಮಕ್ಕೆ ಹೋದರೆ ಸಲೈನಾ ಬರುವವರೆಗೆ 100 ಮೈಲಿಗೂ ಜಾಸ್ತಿ ಒಂದೇ ಒಂದು ಬಂಕಿಲ್ಲ. ಅಮೆರಿಕದ ಇಂಟರ್‌ಸ್ಟೇಟ್ ಹೆದ್ದಾರಿಗಳಲ್ಲಿ ಇಷ್ಟುದ್ದ ಏನೂ ಸಿಗದ ದಾರಿ ಇನ್ನೊಂದಿಲ್ಲ. ಬಂಡೆ, ಬಿಸಿಲು, ಏರು, ಗಾಳಿ. ಪೆಟ್ರೋಲ್ ಗಾಡಿಯಲ್ಲಿ ನನ್ನ ಕಣ್ಣು ಬಂಡೆಗಳ ಕಡೆ ಹೋದದ್ದೇ ಇಲ್ಲ, ಪೆಟ್ರೋಲ್ ಮೀಟರಿನ ಮುಳ್ಳಿನ ಮೇಲೇ ಇತ್ತು. ಡೀಸೆಲ್‌ನಲ್ಲಿ ಅದೇ ಟ್ರೇಲರ್‌ಗೆ ಗ್ಯಾಲನ್ನಿಗೆ 13 ಮೈಲಿ ಸಿಗುತ್ತದೆ. ಡೀಸೆಲ್‌ನ ಒಂದು ಗ್ಯಾಲನ್ನಿನಲ್ಲೇ ಪೆಟ್ರೋಲಿಗಿಂತ ಶಕ್ತಿ ಹೆಚ್ಚು, ಉರಿಸುವಾಗ ದಂಡ ಆಗುವುದೂ ಕಮ್ಮಿ. ಬೆಳಿಗ್ಗೆ ತುಂಬಿಸಿದರೆ ಮಧ್ಯಾಹ್ನದ ಊಟದವರೆಗೆ ಬಂಕಿನ ನೆನಪೇ ಬರುವುದಿಲ್ಲ.

ನಿಲ್ಲಿಸಿದಾಗಲೂ ಸುಖ. ಹೆದ್ದಾರಿ ಪಕ್ಕದ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಡೀಸೆಲ್ ಸಿಗುವ ಆರ್‌ವಿ ಲೇನ್ (ಟ್ರೇಲರ್ ಮನೆಯಂಥ ದೊಡ್ಡ ಗಾಡಿಗಳ ಸಾಲು) ಇರುತ್ತದೆ. ನೇರ ಒಳಗೆ, ನೇರ ಹೊರಗೆ. ಅದು ಇಲ್ಲದ ಕಡೆ ಲಾರಿ ಲೇನಿಗೆ ಹೋಗಬಹುದು, ಆದರೆ ಅಲ್ಲಿನ ನಳಿಕೆ ದಪ್ಪ, ರಭಸವೂ ಜಾಸ್ತಿ, ಹಿಂದೆ ದುಡಿಮೆಯ ಲಾರಿಯವರು ಕಾಯುತ್ತಿರುತ್ತಾರೆ. ನಾನು ಹೋಗುವುದಿಲ್ಲ. ಡೀಸೆಲ್ ಪಂಪಿನ ಹಿಡಿ ಯಾವಾಗಲೂ ಜಿಡ್ಡು ಜಿಡ್ಡು, ಗಾಡಿಯಲ್ಲಿ ಒಂದು ಜೊತೆ ಹಳೇ ಗ್ಲೌಸ್ ಇಟ್ಟುಕೊಳ್ಳಿ. ಇಲ್ಲಾಂದ್ರೆ ಆಮೇಲೆ ತಿನ್ನುವ ಚಿತ್ರಾನ್ನಕ್ಕೂ ಅದೇ ವಾಸನೆ.

ಇನ್ನು ಇಳಿಯುವುದು. ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆ ಇಳಿಯುವಾಗ ಬ್ರೇಕ್ ಹೋದ ಲಾರಿಗಳಿಗೆಂದೇ ಪಕ್ಕದಲ್ಲಿ ಜಲ್ಲಿ ತುಂಬಿದ ದಿಬ್ಬ ಕಟ್ಟಿಟ್ಟಿದ್ದಾರೆ. ಅದನ್ನು ನೋಡಿದರೇ ಕಾಲು ಬ್ರೇಕಿನ ಮೇಲೆ ಹೋಗುತ್ತದೆ. ಹತ್ತಿದ ಗೇರಲ್ಲೇ ಇಳಿ ಅಂತ ನಮ್ಮೂರ ಲಾರಿ ಡ್ರೈವರುಗಳು ಹೇಳುವ ಮಾತೇ ಇಲ್ಲೂ ನಡೆಯುವುದು. 3.5 ಲೀಟರಿನ ಪೆಟ್ರೋಲ್ ಎಂಜಿನ್ ತಾನೇ ಗೇರ್ ಇಳಿಸಿಕೊಂಡು ಹಿಡಿಯುತ್ತದೆ. ಆದರೆ ಎಂಜಿನ್ ಸಣ್ಣದು, ಹಿಡಿತವೂ ಅಷ್ಟೇ. ಎಂಜಿನ್ ಸುತ್ತು ತೋರಿಸುವ ಮುಳ್ಳು 4,500ಕ್ಕೆ ಏರಿ ಎಂಜಿನ್ ಅರಚುತ್ತದೆ, ಹಿಂದಿನ ಸೀಟಿನ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ, ಅಷ್ಟಾದರೂ ನಡುನಡುವೆ ಬ್ರೇಕ್ ಒತ್ತಲೇಬೇಕು. ಡ್ಯೂರಾಮ್ಯಾಕ್ಸ್‌ನಲ್ಲಿ ಎಂಜಿನ್ ಇನ್ನೂ ಸಣ್ಣದಾದರೂ ಎಕ್ಸಾಸ್ಟ್ ಬ್ರೇಕ್ ಇದೆ. ಟೋ ಮೋಡ್ (ಟ್ರೇಲರ್ ಎಳೆಯುವಾಗಿನ ಸೆಟ್ಟಿಂಗ್) ಹಾಕಿದರೆ ಸಾಕು, ಟರ್ಬೊದೊಳಗಿನ ರೆಕ್ಕೆಗಳು ಮುಚ್ಚಿಕೊಂಡು ಹೊಗೆಗೆ ದಾರಿ ಕಟ್ಟುತ್ತವೆ, ಎಂಜಿನ್ ತಾನೇ ಗಾಡಿಯನ್ನು ಹಿಂದಕ್ಕೆ ಹಿಡಿದುಕೊಳ್ಳುತ್ತದೆ. ಶಿರಾಡಿ ಇಳಿಯುವ ಲಾರಿಗಳಲ್ಲಿ ಉಸ್ಸ್ ಅಂತ ಕೇಳುತ್ತದಲ್ಲ, ಅದೇ ತಂತ್ರ, ಸದ್ದು ಮಾತ್ರ ಕಮ್ಮಿ. ಕೆಳಗೆ ಬಂದು ಚಕ್ರದ ಹತ್ತಿರ ಕೈ ಹಿಡಿದರೆ ಬ್ರೇಕಿನ ಬಿಸಿ ಅಷ್ಟಾಗಿ ಗೊತ್ತಾಗುವುದಿಲ್ಲ. ನನಗೆ ಈ ಒಂದೇ ಕಾರಣ ಸಾಕಿತ್ತು.

ಗೇರ್‌ಬಾಕ್ಸ್ ಬಗ್ಗೆ ಹೇಳೋಕೆ ಏನೂ ಇಲ್ಲ. ಎರಡರಲ್ಲೂ 10 ಗೇರ್. ಆ 10 ಗೇರಿನ ವಿನ್ಯಾಸವನ್ನು ಫೋರ್ಡ್ ಮತ್ತು ಜಿಎಂ ಸೇರಿಯೇ ಮಾಡಿದ್ದು, ಹೊರಗೆ ಮಾತ್ರ ಹಾವು ಮುಂಗುಸಿ.

ಫೋರ್ಡಿನ ಒಂದು ವಸ್ತು ಮಾತ್ರ ಈಗಲೂ ಬೇಕು ಅನ್ನಿಸುತ್ತದೆ. ಟ್ರೇಲರ್ ರಿವರ್ಸ್ ತೆಗೆಯಲು ಡ್ಯಾಶ್‌ಬೋರ್ಡಿನಲ್ಲಿ ಒಂದು ಗುಂಡಿ ಇರುತ್ತದೆ. ಟ್ರೇಲರ್ ಯಾವ ಕಡೆ ಹೋಗಬೇಕೋ ಆ ಕಡೆ ತಿರುಗಿಸಿದರೆ ಸ್ಟಿಯರಿಂಗ್ ತಾನೇ ತಿರುಗುತ್ತದೆ. ಕ್ಯಾಂಪಿನಲ್ಲಿ ಅಕ್ಕಪಕ್ಕದವರು ಕುರ್ಚಿ ಹಾಕಿಕೊಂಡು ನೋಡುತ್ತಿರುವಾಗ ಮರ್ಯಾದೆ ಉಳಿಸುವ ವಸ್ತು.

ಟಂಡ್ರಾದ 3.4 ಲೀಟರ್ ವಿ6, 389 ಅಶ್ವಶಕ್ತಿ, ಎಳೆತ ಬಹಳ ನಯ. 2022, 2023ರ ಗಾಡಿಗಳಲ್ಲಿ ಎಂಜಿನ್ನಿನೊಳಗೆ ಲೋಹದ ಚೂರು ಉಳಿದಿರಬಹುದು ಅಂತ 2024ರಲ್ಲಿ ಸುಮಾರು ಒಂದು ಲಕ್ಷ ಗಾಡಿ ವಾಪಸ್ ಕರೆದರು. ಹಳೇದು ತಗೊಳ್ಳುವವರು ಆ ಕೆಲಸ ಆಗಿದೆಯಾ ಕೇಳಿ. ರ‍್ಯಾಮ್‌ನ ಹರಿಕೇನ್ ಕೂಡ ಪೆಟ್ರೋಲ್ ಟರ್ಬೊ, ಆರು ಸಿಲಿಂಡರ್ ಒಂದೇ ಸಾಲಿನಲ್ಲಿ, 3 ಲೀಟರ್, 420 ಅಶ್ವಶಕ್ತಿ, ಜಾಸ್ತಿ ದುಡ್ಡಿನದು 540. ಓಟ ಬೆಣ್ಣೆ. 540ರದ್ದಕ್ಕೆ 91 ಆಕ್ಟೇನ್ ಹಾಕಿ ಅನ್ನುತ್ತಾರೆ. ಅಲ್ಲಿಗೆ ನನ್ನ ಆಸಕ್ತಿ ಮುಗಿಯಿತು.

ಒಂದು ಮಾತು ಎಲ್ಲದಕ್ಕೂ ಅನ್ವಯ. ಯಾವ ಎಂಜಿನ್ ಆದರೂ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಓದಿ, ಟ್ರಕ್ ತನ್ನ ಮೇಲೆ ಎಷ್ಟು ತೂಕ ಹೊರಬಹುದು ಅಂತ ಅಲ್ಲಿರುತ್ತದೆ. ಸೇಲ್ಸ್‌ನವರು “ಹದಿಮೂರು ಸಾವಿರ ಪೌಂಡ್ ಎಳೆಯುತ್ತೆ ಸರ್” ಅನ್ನುತ್ತಾರೆ. ಸುಳ್ಳಲ್ಲ. ಆದರೆ ಟ್ರೇಲರ್ ತೂಕದ 10ರಿಂದ 15% ಹಿಚ್ಚಿನ (ಟ್ರೇಲರ್ ಕಟ್ಟುವ ಕೊಂಡಿಯ) ಮೇಲೆ, ಅಂದರೆ ಟ್ರಕ್ಕಿನ ಮೇಲೆಯೇ ಕೂರುತ್ತದೆ. ನಮ್ಮದಕ್ಕೆ ಅದೇ 800 ಪೌಂಡ್ ಆಯಿತು. ಸ್ಟಿಕ್ಕರಿನಲ್ಲಿ ಬರೆದ 1,500 ಚಿಲ್ಲರೆಯಲ್ಲಿ ಅದನ್ನು ಕಳೆದು, ನಾಲ್ಕು ಜನ, ಹಿಚ್ಚು, ಕೂಲರ್, ಜನರೇಟರ್ ಕಳೆದರೆ ಉಳಿಯುವುದು ಬೆರಳೆಣಿಕೆಯಷ್ಟು. ದುಬಾರಿ ಮಾಡೆಲ್ಲಿನಲ್ಲಿ ಗಾಜಿನ ಮಾಡು, ಲೆದರ್ ಸೀಟು ಇದೆಲ್ಲ ಸೇರಿ ಆ ಲೆಕ್ಕ ಇನ್ನೂ ಇಳಿಯುತ್ತದೆ. ಎಂಜಿನ್ ಮೇಲೆ ಜಗಳ ಆಡುವ ಮೊದಲು ಟ್ರಕ್ ಸ್ಟಾಪಿನ ತೂಕದ ಕಟ್ಟೆಯ ಮೇಲೆ ಒಮ್ಮೆ ಹತ್ತಿಸಿ ನೋಡಿ.

ಡೀಸೆಲ್‌ಗೆ ಕಾಟ ಇಲ್ಲ ಅಂತಲ್ಲ. ಡಿಇಎಫ್ ಅನ್ನುವ ಯೂರಿಯಾ ನೀರನ್ನು ಬೇರೆ ಟ್ಯಾಂಕಿಗೆ ತುಂಬುತ್ತಿರಬೇಕು, ಮರೆತರೆ ಗಾಡಿ ಮೊದಲು ಎಚ್ಚರಿಸುತ್ತದೆ, ಆಮೇಲೆ ವೇಗಕ್ಕೆ ಕಡಿವಾಣ ಹಾಕುತ್ತದೆ. ದಿನಾ ಎರಡು ಮೈಲಿ ಶಾಲೆಗೆ, ಎರಡು ಮೈಲಿ ಅಂಗಡಿಗೆ ಅಂತಲೇ ಓಡಿಸುವವರಿಗೆ ಡೀಸೆಲ್ ಬೇಡವೇ ಬೇಡ, ಹೊಗೆ ಸೋಸುವ ಫಿಲ್ಟರ್ ಬಿಸಿಯಾಗಿ ಮಸಿ ಸುಟ್ಟುಕೊಳ್ಳಲು ಅವಕಾಶ ಸಿಗದೆ ಕಟ್ಟಿಕೊಳ್ಳುತ್ತದೆ. ಅಂಥವರು ವರ್ಷಕ್ಕೆರಡು ಸಲ ಟ್ರೇಲರ್ ಎಳೆಯುವುದಿದ್ದರೆ ಇಕೋಬೂಸ್ಟ್ ತಗೊಳ್ಳಿ, ದೊಡ್ಡ 36 ಗ್ಯಾಲನ್ ಟ್ಯಾಂಕ್ ಇರುವುದನ್ನೇ ಹುಡುಕಿ. ನಾನು ಕೆಲಸಕ್ಕೆ ಹೋಗುವುದು ರೈಲಿನಲ್ಲಿ. ಟ್ರಕ್ಕು ಹೊರಗೆ ಬಂದರೆ ದೂರಕ್ಕೇ.

ಬಜೆಟ್ ಜಾಸ್ತಿ ಇರುವವರು 2023ರಿಂದ ಈಚಿನ ಡ್ಯೂರಾಮ್ಯಾಕ್ಸ್ ನೋಡಬಹುದು, 305 ಅಶ್ವಶಕ್ತಿ, 495 ಟಾರ್ಕ್ ಇದೆ. ನನ್ನ ಹಳೇದರ ಬೆಲೆಯಲ್ಲಿ ಉಳಿದದ್ದನ್ನು ಟೈರಿಗೂ ಒಳ್ಳೇ ಹಿಚ್ಚಿಗೂ ಹಾಕಿದೆ. ಒಂದು ಖರ್ಚು ಮಾತ್ರ ಬರೆದಿಟ್ಟುಕೊಳ್ಳಿ. ಇದರ ಆಯಿಲ್ ಪಂಪ್ ತಿರುಗಿಸುವ ಬೆಲ್ಟ್ ಎಂಜಿನ್ನಿನ ಹಿಂಬದಿಯಲ್ಲಿದೆ, 1,50,000 ಮೈಲಿಗೆ ಬದಲಿಸಬೇಕು, ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು. ಸೆಕೆಂಡ್ ಹ್ಯಾಂಡಿನಲ್ಲಿ 1,30,000 ಓಡಿದ್ದು ಅಗ್ಗಕ್ಕೆ ಸಿಕ್ಕರೆ, ಯಾಕೆ ಅಗ್ಗ ಅಂತ ಈಗ ನಿಮಗೆ ಗೊತ್ತು. ಆ ಖರ್ಚನ್ನು ಬೆಲೆಯಲ್ಲೇ ಕಳೆದು ಮಾತಾಡಿ.